ಮೀನಿಗೆ ಹೋಗುವ ಮುನ್ನ

ವಿಟ್ಲದ ಕಡೆಯ ಗೃಹಸ್ಥರೊಬ್ಬರು ನಮಗೆ ಪತ್ರ ಬರೆದು, ಗಂಡುಮಕ್ಕಳಿಬ್ಬರನ್ನೂ ಭಾವಮೈದುನನನ್ನೂ ಕೂಡಿಕೊಂಡು ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಎರಡು ಮೂರು ದಿನ ಗಾಳ ಹಾಕಿ ಬರುವ ಮನಸ್ಸಾಗಿದೆಯೆಂದೂ, ಅದಕ್ಕೆ ಯಾವ ಗಾಳ, ಯಾವ ದಾರ, ಯಾವ ಎರೆ ಉತ್ತಮವೆಂದು ತಿಳಿಸಬೇಕೆಂದೂ ಕೇಳಿದ್ದಾರೆ. ಗಾಳದ ಮಾತನ್ನು ಕೊನೆಗೆ ಹೇಳುವೆವು. ಪತ್ರದಲ್ಲಿ ಅವರು ಕೇಳದೆ ಬಿಟ್ಟಿರುವ ಪ್ರಶ್ನೆಗಳೇ ನಮಗೆ ಹೆಚ್ಚು ಮುಖ್ಯವೆಂದು ತೋರಿದುವು. ಆ ನೀರು ಯಾವ ತಿಂಗಳಿನಲ್ಲಿ ಎಲ್ಲಿಯವರೆಗೆ ನಿಲ್ಲುವುದು? ಅದರ ಅಡಿಯಲ್ಲಿ ಏನುಂಟು? ಅಲ್ಲಿ ಮೀನು ಹಿಡಿಯುವ ಹಕ್ಕು ಯಾರದು? ಮೀನು ತಿನ್ನದ ಮನೆಯವರು ಇಲ್ಲಿಗೇ ಪುಟವನ್ನು ಮಗುಚಬೇಕಾಗಿಲ್ಲ. ಕೊಲ್ಲೂರಿಗೂ ಸಿಗಂದೂರಿಗೂ ಯಾತ್ರೆ ಹೊರಡುವವರು ಒಂದಲ್ಲ ಒಂದು ದಿನ ಈ ನೀರಿನ ದಡದಲ್ಲಿ ನಿಲ್ಲತಕ್ಕವರೇ.

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸೀಮೆಯಲ್ಲಿ ದೊಡ್ಡ ಸರೋವರವೆಂಬುದಿಲ್ಲ. ಮೂಡುಬಿದಿರೆಯ ಕಡಲಕೆರೆಗೆ ಹೆಸರಿನಲ್ಲಿ ಮಾತ್ರ ಕಡಲುಂಟು. ಇಲ್ಲಿಯ ಹುಡುಗರು ಮೀನು ಹಿಡಿಯುವುದನ್ನು ಕಲಿಯುವುದು ತೋಡಿನಲ್ಲಿ ಮತ್ತು ಬಯಲಿನಲ್ಲಿ. ಕಾರ್ತೆಲ್ ತಿಂಗಳ ಮಳೆ ಹಿಡಿದು ತೋಡುಗಳು ಕೆಂಪಾಗಿ ತುಂಬಿ ಹರಿಯುವಾಗ ಹೊಳೆಯ ಮೀನುಗಳು ಪ್ರವಾಹಕ್ಕೆ ಎದುರಾಗಿ ಗದ್ದೆಗಳಿಗೆ ಏರಿ ಬರುತ್ತವೆ. ಉಬರ್ ಮೀನೆಂದು ಅದಕ್ಕೊಂದು ಹೆಸರೇ ಇದೆ. ರಾತ್ರಿ ದೀಪ ಹಿಡಿದು ಕತ್ತಿಯೊಡನೆ ಹೊರಡುವ ಸಂಭ್ರಮವೂ ಇದೆ. ಆದರೆ ಆ ಮೀನು ನಮ್ಮ ಸಾರಿಗೆಂದು ಏರಿ ಬಂದದ್ದಲ್ಲ, ಮೊಟ್ಟೆಯಿಡಲು ಬಂದದ್ದು. ಹೊಟ್ಟೆ ತುಂಬಿದ ಒಂದು ಮೀನನ್ನು ಕಡಿದರೆ ಮುಂದಿನ ವರ್ಷದ ಸಾವಿರಾರು ಮರಿಗಳನ್ನು ಕಡಿದಂತಾಯಿತು. ತೋಡಿನಲ್ಲಿ ಮೊದಲಿನಂತೆ ಮೀನಿಲ್ಲವೆಂದು ಗೊಣಗುವ ಹಿರಿಯರು ಈ ಲೆಕ್ಕವನ್ನೂ ಒಮ್ಮೆ ನೋಡಬಹುದು.

ತೋಡಿನಲ್ಲಿ ಕಲಿತ ವಿದ್ಯೆ ಸರೋವರದಲ್ಲಿ ಸಾಲದು. ತೋಡಿನಲ್ಲಿ ನೀರೇ ಮೀನನ್ನು ನಮ್ಮ ಕಾಲಬುಡಕ್ಕೆ ತಂದುಕೊಡುವುದು. ಸರೋವರದಲ್ಲಿ ಮೀನಿರುವ ಸ್ಥಳವನ್ನು ನಾವೇ ತಿಳಿದು ಹೋಗಬೇಕು. ಶರಾವತಿಗೆ ಅಡ್ಡಲಾಗಿ ಸಾಗರ ತಾಲೂಕಿನಲ್ಲಿ ಕಟ್ಟಿದ ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಪೂರ್ಣವಾಯಿತು. ಅದು ತುಂಬಿದಾಗ ನೀರಿನ ಮಟ್ಟವು ಸಮುದ್ರಮಟ್ಟದಿಂದ 1819 ಅಡಿ. ನೀರಿನ ಹರವು ಸುಮಾರು 300 ಚದರ ಕಿಲೋಮೀಟರು. ಈ ನೀರು ಗದ್ದೆಗಳಿಗಾಗಿ ನಿಂತದ್ದಲ್ಲ; ತಳಕಳಲೆಯ ಮೂಲಕ ಸಾಗಿ 1035 ಮೆಗಾವಾಟಿನ ಶರಾವತಿ ವಿದ್ಯುದಾಗಾರದ ಯಂತ್ರಗಳನ್ನು ತಿರುಗಿಸುವುದಕ್ಕಾಗಿ ನಿಂತದ್ದು. ನಾಡಿನಲ್ಲಿ ದೀಪಗಳು ಹೆಚ್ಚಾಗಿ ಉರಿದಷ್ಟೂ ಅಲ್ಲಿಯ ದಡವು ಹಿಂದಕ್ಕೆ ಸರಿಯುವುದು. ಆದುದರಿಂದ ಕಳೆದ ವರ್ಷ ಬಂಧುಗಳು ಕುಳಿತು ಗಾಳ ಹಾಕಿದ ಬಂಡೆಯು ಈ ವರ್ಷ ಅದೇ ತಿಂಗಳಿನಲ್ಲಿ ನೀರಿನಿಂದ ಎಷ್ಟೋ ದೂರದಲ್ಲಿ ಒಣಗಿ ನಿಂತಿರಬಹುದು. ಹೊರಡುವ ವಾರದಲ್ಲಿ ಅಣೆಕಟ್ಟಿನ ಮಟ್ಟ ಎಷ್ಟೆಂಬುದನ್ನು ವಿಚಾರಿಸಿಕೊಳ್ಳುವುದು ಗಾಳ ಕೊಳ್ಳುವುದಕ್ಕಿಂತ ಮೊದಲಿನ ಕೆಲಸ.

ಇನ್ನು ಅಡಿಯಲ್ಲಿರುವುದು. ಮೀನು ಬಯಲು ನೀರಿನಲ್ಲಿ ಸಮನಾಗಿ ಹರಡಿಕೊಂಡು ಇರುವ ಪ್ರಾಣಿಯಲ್ಲ. ಅದಕ್ಕೆ ಮರೆ ಬೇಕು, ಮೇವು ಬೇಕು. ಹಳೆಯ ಹಳ್ಳದ ಪಾತ್ರ, ಮುಳುಗಿದ ಕೆರೆಯ ಏರಿ, ಗದ್ದೆಯ ಅಂಚು, ಕಲ್ಲುಗೋಡೆ, ಮರದ ಬೊಡ್ಡೆ, ಇವುಗಳ ಪಕ್ಕದಲ್ಲಿಯೇ ಅದು ಸುಳಿಯುವುದು. ಲಿಂಗನಮಕ್ಕಿಯ ಅಡಿಯಲ್ಲಿ ಇವೆಲ್ಲವೂ ಇವೆ. ಏಕೆಂದರೆ ಅಲ್ಲಿ ಊರುಗಳಿದ್ದುವು. ಅಡಕೆಯ ತೋಟ, ಭತ್ತದ ಬಯಲು, ದೇವಸ್ಥಾನ, ಗಾಡಿಯ ದಾರಿ, ಎಲ್ಲವೂ ಇದ್ದುವು. ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರೊದಗಿಸಲೆಂದು 1940ರ ದಶಕದಲ್ಲಿ ಕಟ್ಟಿದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಕೂಡ ಈ ಹೊಸ ನೀರಿನಲ್ಲಿ ಮುಳುಗಿಹೋಯಿತು. ಮಳೆ ಕಡಮೆಯಾದ ವರ್ಷಗಳ ಬೇಸಗೆಯಲ್ಲಿ ಅದು ತಲೆಯೆತ್ತಿದಾಗ ಜನರು ಹೋಗಿ ನೋಡಿ ಬರುತ್ತಾರೆ. ಅಣೆಕಟ್ಟನ್ನು ನುಂಗಿದ ಅಣೆಕಟ್ಟು ಎಲ್ಲೆಲ್ಲಿಯೂ ಕಾಣಸಿಗುವಂಥದಲ್ಲ.

ಆದುದರಿಂದ ಅಲ್ಲಿ ಮೀನಿಗೆ ಹೋಗತಕ್ಕವನಿಗೆ ಅಂಗಡಿಯಲ್ಲಿ ದೊರೆಯುವ ಯಾವ ನಕ್ಷೆಗಿಂತಲೂ ತುಮರಿ, ಹೊಳೆಬಾಗಿಲು, ಅಂಬಾರಗೋಡ್ಲುಗಳ ಕಡೆಯ ವೃದ್ಧರ ನೆನಪು ಹೆಚ್ಚು ಪ್ರಯೋಜನಕಾರಿ. ಹಳ್ಳ ಎಲ್ಲಿ ತಿರುಗುತ್ತಿತ್ತು, ಕೆರೆಯ ಕೋಡಿ ಎಲ್ಲಿತ್ತು, ಯಾರ ಮನೆಯ ಹಿಂದೆ ಮಾವಿನ ತೋಪಿತ್ತು ಎಂಬುದನ್ನು ಬಲ್ಲವರು ಅವರೇ. ಆದರೆ ಕೇಳುವ ಕ್ರಮವೊಂದಿದೆ. ನಾವು ಮೀನಿನ ಗುಂಡಿಯೆಂದು ಕೇಳುವ ಸ್ಥಳವು ಅವರ ತಂದೆಯ ಗದ್ದೆಯಾಗಿರಬಹುದು. ನೀರು ನುಗ್ಗಿದಾಗ ಮನೆ ಬಿಟ್ಟು ಸಾಗರ, ಹೊಸನಗರ, ಶಿವಮೊಗ್ಗ, ಭದ್ರಾವತಿಯ ಕಡೆಗಳಲ್ಲಿ ಹೋಗಿ ನೆಲಸಿದ ಸಂಸಾರಗಳಲ್ಲಿ ಬಹುಮಂದಿಗೆ ಉತ್ತು ಬಿತ್ತುತ್ತಿರುವ ನೆಲದ ಹಕ್ಕುಪತ್ರದ ತಕರಾರು ಆರು ದಶಕಗಳಾದರೂ ಪೂರ್ಣವಾಗಿ ತೀರಿಲ್ಲ. ಅಡಕೆಯ ತೋಟವನ್ನು ಮೂರು ತಲೆಮಾರಿನಿಂದ ಸಾಕಿಕೊಂಡು ಬಂದ ವಿಟ್ಲದ ಗೃಹಸ್ಥನಿಗೆ ತೋಟವೆಂದರೇನೆಂಬುದನ್ನು ವಿವರಿಸಬೇಕಾಗಿಲ್ಲ. ಮೊದಲು ಕುಳಿತು ಮಾತಾಡಿ, ಕೊಟ್ಟ ಕಾಫಿಯನ್ನು ಕುಡಿದು, ಊರಿನ ಕತೆಯನ್ನು ಕೇಳಿ, ಆಮೇಲೆ ಮೀನಿನ ಮಾತೆತ್ತುವುದು ಲೇಸು. ಮಕ್ಕಳಿಗೆ ಓದುವ ಅಭ್ಯಾಸವಿದ್ದರೆ, ಲೋಕೋಪಯೋಗಿ ಇಲಾಖೆಯ ಕೆಲಸದಲ್ಲಿದ್ದುಕೊಂಡು ಈ ಮುಳುಗಡೆಯನ್ನು ಹತ್ತಿರದಿಂದ ಕಂಡ ನಾ. ಡಿಸೋಜರ ‘ಮುಳುಗಡೆ’ ಮತ್ತು ‘ದ್ವೀಪ’ ಕಾದಂಬರಿಗಳನ್ನು ಹೊರಡುವ ಮೊದಲು ಅವರ ಕೈಗೆ ಕೊಡಬಹುದು.

ಕಾಲದ ವಿಷಯ. ಜೂನಿನಿಂದ ಆಗಸ್ಟಿನವರೆಗೆ ಹೋಗುವ ಮಾತೇ ಬೇಡ. ಮೀನು ಮೊಟ್ಟೆಯಿಡುವ ಕಾಲವದು, ಘಟ್ಟದ ಮಳೆಯೂ ಆಗಲೇ. ಏಪ್ರಿಲ್ ಮೇ ತಿಂಗಳುಗಳಲ್ಲಿ ನೀರು ತಗ್ಗಿ ಮೀನು ಒತ್ತೊತ್ತಾಗಿ ಸೇರುವುದು ನಿಜ. ಆದರೆ ದಡದಲ್ಲಿ ಮೊಣಕಾಲುದ್ದದ ಕೆಸರು, ನೀರಿನ ಮೇಲ್ಮೈಗೆ ಒಂದು ಗೇಣು ಕೆಳಗೆ ಸತ್ತ ಮರಗಳ ಮೊನೆ, ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು. ನಮ್ಮ ಅಭಿಪ್ರಾಯದಲ್ಲಿ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಕಾಲವು ಉತ್ತಮ. ಅಡಕೆಯ ಕೊಯಿಲೂ ತೋಟಕ್ಕೆ ನೀರು ಬಿಡುವ ಕೆಲಸವೂ ಅದೇ ಕಾಲಕ್ಕೆ ಬೀಳುವುದರಿಂದ ವಿಟ್ಲದವರಿಗೆ ಇದು ಒಪ್ಪಿಗೆಯಾಗಲಾರದು. ಆದರೆ ಒಂದು ಕೊಯಿಲಿಗೂ ಇನ್ನೊಂದು ಕೊಯಿಲಿಗೂ ನಡುವೆ, ಅಂಗಳದ ಅಡಕೆಯನ್ನು ನೋಡಿಕೊಳ್ಳಲು ಮನೆಯಲ್ಲೊಬ್ಬರು ಒಪ್ಪಿದರೆ, ಮೂರು ದಿನ ದೊರೆಯದೆ ಹೋಗದು.

ದಾರಿಯು ಸುಲಭ. ಬಂಟ್ವಾಳ, ಮೂಡುಬಿದಿರೆ, ಕಾರ್ಕಳ, ಹೆಬ್ರಿಗಳನ್ನು ದಾಟಿ ಕೊಲ್ಲೂರಿಗೆ. ಅಲ್ಲಿಂದ ನಾಗೋಡಿಯ ಘಟ್ಟವನ್ನು ಹತ್ತಿ ತುಮರಿಗೆ. ಸಾಗರಕ್ಕೆ ಹೋಗಲು ಮೊದಲು ಹೊಳೆಬಾಗಿಲಿನಲ್ಲಿ ಲಾಂಚನ್ನು ಕಾಯಬೇಕಾಗಿತ್ತು. 2025ರ ಜುಲೈ ತಿಂಗಳಿನಲ್ಲಿ ಸೇತುವೆ ತೆರೆದ ಮೇಲೆ ಆ ಕಾಯುವಿಕೆ ತಪ್ಪಿತು.

ಹಕ್ಕಿನ ಮಾತಿಗೆ ಬರೋಣ. ನೀರು ಇಷ್ಟು ದೊಡ್ಡದಾಗಿದೆ, ನಾಲ್ಕು ಮೀನು ಹಿಡಿದರೆ ಕೇಳುವವರಾರು ಎಂಬ ಭಾವನೆ ಸರಿಯಲ್ಲ. ಅಲ್ಲಿ ಬಲೆ ಬಿಟ್ಟು ಬದುಕುವ ಸಂಸಾರಗಳಿವೆ. ಸಂಜೆ ಬಲೆ ಬಿಟ್ಟು ಮುಂಜಾವದಲ್ಲಿ ಎತ್ತುವ ಅವರ ಬಲೆಯ ಸಾಲಿಗೆ ಅಡ್ಡವಾಗಿ ಗಾಳ ಎಸೆಯುವುದು ಒಬ್ಬರ ಅನ್ನದ ತಟ್ಟೆಗೆ ಕೈಯಿಡುವುದಕ್ಕೆ ಸಮಾನ. ಸಾಗರದ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ ಅಪ್ಪಣೆ ಪಡೆದುಕೊಂಡೇ ಗಾಳ ಬಿಚ್ಚತಕ್ಕದ್ದು. ಅಣೆಕಟ್ಟಿನ ಬಳಿಗೆ ಹೋಗಲೇ ಬಾರದು. ದಡದ ಕೆಲವು ಭಾಗಗಳು ಶರಾವತಿ ಕಣಿವೆಯ ಅಭಯಾರಣ್ಯಕ್ಕೆ ಸೇರಿವೆ. 2019ರಿಂದ ಅದಕ್ಕೆ ಸಿಂಗಳೀಕದ ಹೆಸರು. ಅದರ ಎಲ್ಲೆಯೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡಕೂಡದು.

ಪತ್ರದ ಕೊನೆಯಲ್ಲಿ ಭಾವಮೈದುನನು ಕಾರೆಕಾಯಿ ಅರೆದು ಹಾಕುವ ಉಪಾಯವನ್ನೂ ಬಲ್ಲನೆಂದು ನಗೆಯ ಮಾತಾಗಿ ಬರೆದಿದೆ. ನಮಗೆ ನಗು ಬರಲಿಲ್ಲ. ನೀರಿಗೆ ವಿಷ ಹಾಕುವುದೂ ಸಿಡಿಮದ್ದು ಎಸೆಯುವುದೂ 1897ರ ಕಾಯಿದೆಯಿಂದಲೇ ಅಪರಾಧವಾಗಿವೆ. ಕಾಯಿದೆ ಹಾಗಿರಲಿ, ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ನಡೆದುದನ್ನು ನಮ್ಮ ಸೀಮೆಯವರು ಮರೆಯಬಾರದು. ಶಿಶಿಲೇಶ್ವರನ ಗುಡಿಯ ಎದುರು ಕಪಿಲಾ ಹೊಳೆಯಲ್ಲಿ ದೇವರ ಮೀನುಗಳು ಜನರ ಕೈಯ ಅಕ್ಕಿಗೆ ಮುತ್ತಿಕೊಳ್ಳುವುದನ್ನು ನೋಡಿದವರು ಬಹಳ ಮಂದಿ. 1996ರಲ್ಲಿ ಯಾರೋ ದುರುಳರು ಆ ನೀರಿಗೆ ವಿಷ ಹಾಕಿದರು. ಸಾವಿರಾರು ಮೀನುಗಳು ಸತ್ತು ತೇಲಿದುವು. ಅವುಗಳಿಗಾಗಿ ಊರವರು ಸ್ಮಾರಕವೊಂದನ್ನು ನಿಲ್ಲಿಸಿದ್ದಾರೆ. ಗಾಳ ಹಿಡಿಯುವ ಹುಡುಗರನ್ನು ಮೊದಲು ಶಿಶಿಲಕ್ಕೆ ಕರೆದುಕೊಂಡು ಹೋಗಿ, ಗಾಳವಿಲ್ಲದೆ ಒಂದು ಗಂಟೆ ಮೀನನ್ನು ನೋಡಿಸುವುದು ಒಳ್ಳೆಯದು. ಮೀನು ಹೇಗೆ ತಿರುಗುವುದು, ಆಹಾರವನ್ನು ಹೇಗೆ ಬಾಯಿಗೆ ತೆಗೆದುಕೊಳ್ಳುವುದು, ನೆರಳಿಗೆ ಹೇಗೆ ಬೆದರುವುದು ಎಂಬುದನ್ನೆಲ್ಲ ಅಲ್ಲಿ ತಿಳಿಯಾದ ನೀರಿನಲ್ಲಿ ಕಾಣಬಹುದು.

ತೆಪ್ಪವನ್ನು ಕುರಿತು ನಾವು ನಿಷ್ಠುರವಾಗಿಯೇ ಹೇಳುವೆವು. ಶರಾವತಿಯ ಹಿನ್ನೀರಿನಲ್ಲಿ ತೆಪ್ಪ ಮಗುಚಿ ಜನ ಸತ್ತ ವಾರ್ತೆಯು ಪತ್ರಿಕೆಗಳಲ್ಲಿ ಒಮ್ಮೆಯಲ್ಲ, ಮತ್ತೆ ಮತ್ತೆ ಬಂದಿದೆ. ಸತ್ತವರಲ್ಲಿ ಈಜು ಬಲ್ಲವರೂ ಇದ್ದರು ಎಂದು ಕೇಳಿದರೆ ನಮಗೆ ಆಶ್ಚರ್ಯವಾಗದು. ತೋಟದ ಕೆರೆಯಲ್ಲಿ ಕಲಿತ ಈಜು ಒಂದು ಮೈಲಿ ಅಗಲದ ತಣ್ಣೀರಿನಲ್ಲಿ, ಉಟ್ಟ ಬಟ್ಟೆಯು ಮುಳುಗಿದ ಮರದ ಕೊಂಬೆಗೆ ಸಿಕ್ಕಿದಾಗ, ಪ್ರಯೋಜನಕ್ಕೆ ಬರಲಾರದು. ಬೆಳಿಗ್ಗೆ ಕನ್ನಡಿಯಂತಿರುವ ನೀರು ಗಾಳಿ ಎದ್ದೊಡನೆ ಅಲೆಯೇಳುವುದು. ಮೊದಲ ಪ್ರವಾಸದಲ್ಲಿ ದಡದಿಂದಲೇ ಗಾಳ ಹಾಕಿರಿ. ಹೋಗಲೇಬೇಕಾದರೆ ಆ ನೀರಿನಲ್ಲಿ ಹುಟ್ಟು ಹಾಕಿ ಬೆಳೆದ ಸ್ಥಳದ ಅಂಬಿಗನೊಡನೆ, ಬೆಳಗಿನ ಹೊತ್ತಿನಲ್ಲಿ, ಪ್ರತಿಯೊಬ್ಬನೂ ಲೈಫ್ ಜಾಕೆಟ್ ಕಟ್ಟಿಕೊಂಡು ಹೋಗತಕ್ಕದ್ದು. ಅಂಬಿಗನು ಇಂದು ಬೇಡವೆಂದರೆ ಬೇಡ. ಹಣ ಹೆಚ್ಚು ಕೊಡುವೆವೆಂದು ಅವನನ್ನು ಒತ್ತಾಯಿಸಬಾರದು.

ಇನ್ನು ಗಾಳ. ಇಲ್ಲಿ ಹೆಚ್ಚು ಹೇಳಲಿಕ್ಕಿಲ್ಲ. ಹಿನ್ನೀರಿಗೆ ಬಿಟ್ಟು ಬೆಳೆಸುವ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಗಳಿಗೆ ರಾಗಿಯ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ಸ್ವಲ್ಪ ಕಡಲೆಕಾಯಿ ಹಿಂಡಿಯೊಡನೆ ನಾದಿ ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿದರೆ ಸಾಕು. ನಾವು ಮಡೆಂಜಿಯೆನ್ನುವ ಕೊರವ ಮೀನಿಗೆ ಎರೆಹುಳು. ಊರಿನ ಕೆರೆಯ ಮರಿಮೀನುಗಳನ್ನು ಎರೆಗಾಗಿ ಕೊಡದಲ್ಲಿ ಹೊತ್ತುಕೊಂಡು ಹೋಗಬೇಡಿರಿ. ಒಂದು ನೀರಿನ ಮೀನನ್ನೂ ರೋಗವನ್ನೂ ಇನ್ನೊಂದು ನೀರಿಗೆ ಸೇರಿಸಿದಂತಾಗುವುದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರನ್ನು ಹಿಡಿದ ಕತೆಯನ್ನು ಹುಡುಗರು ಕೇಳಿರಬಹುದು. ಅದು ಕಾವೇರಿ ಸೀಮೆಯ ಮೀನು. 2018ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿದೆ. ಅಂಥ ಆಸೆಯನ್ನು ಮನೆಯಲ್ಲಿಯೇ ಬಿಟ್ಟು ಹೊರಡುವುದು ಮೇಲು.

ಬಂಗುಡೆ, ಬೂತಾಯಿಗಳ ರುಚಿಗೆ ಒಗ್ಗಿದ ನಮ್ಮ ಮನೆಗಳಲ್ಲಿ ಸಿಹಿನೀರಿನ ಮೀನಿಗೆ ಕೆಸರಿನ ವಾಸನೆಯೆಂಬ ದೂರುಂಟು. ಹಿಡಿದ ಕೂಡಲೆ ಕರುಳನ್ನೂ ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನೂ ತೆಗೆದು, ಉಪ್ಪು ಅರಸಿನ ತಿಕ್ಕಿ, ಹುಣಿಸೆಯ ನೀರಿನಲ್ಲಿ ಅರ್ಧ ಗಂಟೆ ಇಟ್ಟು ತೊಳೆದರೆ ದೂರು ಬಹುಮಟ್ಟಿಗೆ ತಗ್ಗುವುದು. ಆ ರಾತ್ರಿಯ ಊಟಕ್ಕೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದವನ್ನು, ವಿಶೇಷವಾಗಿ ಸಣ್ಣವನ್ನು, ಕೈಯನ್ನು ಒದ್ದೆಮಾಡಿಕೊಂಡು ಹಿಡಿದು ಗಾಳ ಬಿಡಿಸಿ ನೀರಿಗೇ ಬಿಡಿರಿ. ಹುಡುಗರಿಬ್ಬರಿಗೂ ಬೇರೆ ಬೇರೆ ಗಾಳ ಬೇಕೇ ಎಂದು ಪತ್ರದಲ್ಲಿ ಕೇಳಿದ್ದಾರೆ. ಒಂದೇ ಸಾಕು, ಒಬ್ಬನು ಹಿಡಿದಿರುವಾಗ ಇನ್ನೊಬ್ಬನು ಸುತ್ತಲಿನ ನೀರನ್ನು ನೋಡುತ್ತಿರಲಿ.