ನೆಲವೂ ಡೊಂಕಿರಬಹುದು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆ ಹೆಣ್ಣಿನ ಮೇಲೆಯೇ ಹುಟ್ಟಿತು ಎಂಬುದು ಒಂದು ಮಾತು. ನೆಲ ನಿಜವಾಗಿ ಡೊಂಕಾಗಿತ್ತೋ ಇಲ್ಲವೋ ಎಂದು ಯಾರೂ ರಸಮಟ್ಟ ಇಟ್ಟು ನೋಡಲಿಲ್ಲ ಎಂಬುದು ಇನ್ನೊಂದು ಮಾತು. ಅವಳು ಹೇಳಿದಳು, ಇವರು ನಕ್ಕರು, ಅದು ಗಾದೆಯಾಯಿತು.

ಆ ಗಾದೆ ಈಗ ಕಾರು ರಿಪೇರಿಯ ಅಂಗಳದಲ್ಲಿ ಸುಖವಾಗಿ ಬಾಳುತ್ತಿದೆ. ಆಟೋಮ್ಯಾಟಿಕ್ ಗೇರಿನ ದೊಡ್ಡ ಗಾಡಿಯನ್ನು ಓಡಿಸಿಕೊಂಡು ಬಂದ ಹೆಂಗಸು, "ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಜಗ್ಗುತ್ತದೆ" ಎನ್ನುತ್ತಾಳೆ. ಬಾನೆಟ್ಟು ಎತ್ತುವ ಮೊದಲೇ ಉತ್ತರ ಸಿದ್ಧವಾಗಿರುತ್ತದೆ: "ಮೇಡಂ, ನಿಮಗೆ ಆಟೋಮ್ಯಾಟಿಕ್ ಅಭ್ಯಾಸ ಇಲ್ಲ. ಆಕ್ಸಿಲರೇಟರ್ ನಿಧಾನವಾಗಿ ಒತ್ತಿ." ಒಂದು ತಿಂಗಳು ಬಿಟ್ಟು ಅವಳು ಮತ್ತೆ ಬಂದರೆ ಅದೇ ಬಾಯಿಂದ ಎರಡನೇ ತೀರ್ಪು ಬರುತ್ತದೆ: "ಗೇರ್‌ಬಾಕ್ಸ್ ಹೋಗಿದೆ. ಪೂರ್ತಿ ಬದಲಾಯಿಸಬೇಕು." ಮೊದಲು ಏನೂ ಆಗಿಲ್ಲ, ಆಮೇಲೆ ಎಲ್ಲವೂ ಆಗಿಹೋಗಿದೆ! ನಡುವೆ ಪರೀಕ್ಷೆ ಎಂಬುದೊಂದು ಇರಬೇಕಿತ್ತಲ್ಲ, ಅದು ಎಲ್ಲಿ ಹೋಯಿತು? ನನ್ನ ಜಗಳವೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಇದು ಉಳ್ಳವರ ಕಷ್ಟ, ನಮಗೇಕೆ ಎಂದು ಕೆಲವರು ಮೂಗು ಮುರಿಯಬಹುದು. ಆದರೆ ಸಣ್ಣ ಊರುಗಳಲ್ಲಿ ಆಟೋಮ್ಯಾಟಿಕ್ ಗಾಡಿಯ ಸ್ಟೇರಿಂಗ್ ಹಿಡಿದವರು ಯಾರೆಂದು ಒಮ್ಮೆ ಗಮನಿಸಿ. ಮಂಡಿ ನೋವಿನಿಂದ ಕ್ಲಚ್ ತುಳಿಯಲಾಗದವರು, ಹೃದಯದ ಶಸ್ತ್ರಚಿಕಿತ್ಸೆಯಾದ ಗಂಡನನ್ನು ಕರೆದುಕೊಂಡು ಊರಿಂದೂರಿಗೆ ಅಲೆಯುವವರು, ಐವತ್ತು ದಾಟಿದ ಮೇಲೆ ಧೈರ್ಯ ಮಾಡಿ ಡ್ರೈವಿಂಗ್ ಕಲಿತವರು. ಇವರಿಗೆ ಕಾರೆಂದರೆ ಡೌಲಲ್ಲ, ಕಾಲು. "ನಿಮಗೆ ಓಡಿಸಲು ಬರುವುದಿಲ್ಲ" ಎಂಬ ಒಂದು ಮಾತಿಗೆ ಕೀಲಿಯನ್ನು ಗೋಡೆಯ ಮೊಳೆಗೆ ತೂಗುಹಾಕಿ, ಮತ್ತೆ ಗಾಡಿ ಮುಟ್ಟದ ಹೆಂಗಸರನ್ನು ನಾನು ಬಲ್ಲೆ. ಗೇರ್‌ಬಾಕ್ಸಿನ ದೋಷ ಅವರ ಆತ್ಮವಿಶ್ವಾಸದ ಲೆಕ್ಕಕ್ಕೆ ಜಮೆಯಾಯಿತು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಆಟೋಮ್ಯಾಟಿಕ್ ಎಂಬ ಒಂದೇ ಹೆಸರಿನಲ್ಲಿ ನಮ್ಮ ದೇಶದಲ್ಲಿ ನಾಲ್ಕು ಬಗೆಯ ಯಂತ್ರಗಳು ಓಡಾಡುತ್ತಿವೆ. 2014ರಲ್ಲಿ ಮಾರುತಿ ಸೆಲೆರಿಯೊ ಕಾರಿನೊಂದಿಗೆ ಬಂದ ಎಎಂಟಿ ನಿಜವಾಗಿ ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರು ಬದಲಿಸುವ ಕೆಲಸವನ್ನು ನಮ್ಮ ಕೈಕಾಲಿನ ಬದಲು ಒಂದು ಯಂತ್ರ ಮಾಡುತ್ತದೆ. ಅದು ಗೇರು ಬದಲಿಸುವಾಗ ತುಸು ತಲೆದೂಗುವುದು ಅದರ ಸ್ವಭಾವ. ಸಿವಿಟಿ ಎಂಬುದರಲ್ಲಿ ಎರಡು ರಾಟೆಗಳ ನಡುವೆ ಉಕ್ಕಿನ ಪಟ್ಟಿ ಓಡುತ್ತದೆ. ಎಂಜಿನ್ನಿನ ಸದ್ದು ಮೊದಲು ಏರಿ ವೇಗ ಆಮೇಲೆ ಬರುವುದು ಅಲ್ಲಿ ಸಹಜ. ಮೂರನೆಯದು ಎರಡು ಕ್ಲಚ್ಚಿನ ಡಿಸಿಟಿ. ಅದರಲ್ಲಿ ಒಣ ಕ್ಲಚ್ಚಿನದಾದರೆ ಆಮೆಯಂತೆ ತೆವಳುವ ಟ್ರಾಫಿಕ್ಕಿನಲ್ಲಿ ಬೇಗ ಬಿಸಿಯಾಗುತ್ತದೆ. ನಾಲ್ಕನೆಯದು ಟಾರ್ಕ್ ಕನ್ವರ್ಟರ್ ಇರುವ ಹಳೆಯ, ಗಟ್ಟಿ ಜಾತಿ. ದೊಡ್ಡ ಡೀಸೆಲ್ ಎಸ್‌ಯುವಿಗಳಲ್ಲಿ ಹೆಚ್ಚಾಗಿ ಇರುವುದು ಇದೇ. ಇದರ ಮೂಲಪುರುಷನನ್ನು ಅಮೆರಿಕದ ಜನರಲ್ ಮೋಟಾರ್ಸ್ 1939ರಲ್ಲಿ ಹೈಡ್ರಾಮ್ಯಾಟಿಕ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಒಂದರ ಸ್ವಭಾವ ಇನ್ನೊಂದರ ರೋಗ. ಆದ್ದರಿಂದ ಗಾಡಿ ಯಾವ ಜಾತಿಯದೆಂದು ಕೇಳದೆ "ಆಟೋಮ್ಯಾಟಿಕ್ ಅಂದ್ರೆ ಹಾಗೇ ಮೇಡಂ" ಎನ್ನುವವರಿಗೆ ಮೊದಲನೇ ಪಾಠವೇ ಬಂದಿಲ್ಲ.

ಆ ನಾಲ್ಕನೆಯ ಜಾತಿಯನ್ನೇ ತೆಗೆದುಕೊಳ್ಳೋಣ. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದಕ್ಕೆ ಮಾತ್ರ ಕರೆಂಟು ಕೊಟ್ಟರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆಯಲ್ಲವೇ? ಟಾರ್ಕ್ ಕನ್ವರ್ಟರ್ ಹೀಗೆಯೇ, ಗಾಳಿಯ ಬದಲು ಎಣ್ಣೆ. ಅದರ ಹಿಂದೆ, ಸೂರ್ಯನ ಸುತ್ತ ಗ್ರಹಗಳಂತೆ ಸುತ್ತುವ ಹಲ್ಲುಚಕ್ರಗಳಿವೆ. ಯಾವ ಚಕ್ರವನ್ನು ಹಿಡಿದು ನಿಲ್ಲಿಸಬೇಕು, ಯಾವುದನ್ನು ಬಿಡಬೇಕು ಎಂಬುದರ ಮೇಲೆ ಗೇರು ನಿರ್ಧಾರವಾಗುತ್ತದೆ. ಹಿಡಿಯುವುದು ಕ್ಲಚ್ ಪ್ಲೇಟುಗಳು, ಆ ಪ್ಲೇಟುಗಳನ್ನು ಒತ್ತುವುದು ಮತ್ತೆ ಎಣ್ಣೆಯೇ. ಕೆರೆಯ ತೂಬಿನಂತೆ ಎಣ್ಣೆಯನ್ನು ಬೇಕಾದ ಕಾಲುವೆಗೆ ಬಿಡುವುದು ವಾಲ್ವ್ ಬಾಡಿ. ತೂಬು ಎತ್ತಿ ಇಳಿಸುವ ನೀರುಗಂಟಿಗಳು ಸೊಲೆನಾಯ್ಡ್ ಎಂಬ ವಿದ್ಯುತ್ ಕವಾಟಗಳು. ಅವಕ್ಕೆ ಅಪ್ಪಣೆ ಕೊಡುವುದು ಒಂದು ಪುಟ್ಟ ಕಂಪ್ಯೂಟರು. ಅದಕ್ಕೆ ಸುದ್ದಿ ತಂದುಕೊಡುವುದು ವೇಗ, ಶಾಖ ಅಳೆಯುವ ಸೆನ್ಸಾರುಗಳು.

ಇಷ್ಟು ತಿಳಿದರೆ ಸಾಕು, "ಗೇರ್‌ಬಾಕ್ಸ್ ಹೋಗಿದೆ" ಎಂಬ ಮಾತು ಎಷ್ಟು ಟೊಳ್ಳು ಎಂಬುದು ಅರ್ಥವಾಗುತ್ತದೆ. ಗದ್ದೆಗೆ ನೀರು ಬರಲಿಲ್ಲವೆಂದರೆ ಕೆರೆ ಬತ್ತಿರಬಹುದು, ತೂಬಿಗೆ ಕಸ ಸಿಕ್ಕಿರಬಹುದು, ಕಾಲುವೆ ಒಡೆದಿರಬಹುದು, ನೀರುಗಂಟಿ ಮಲಗಿರಬಹುದು. ಯಾವುದೆಂದು ನೋಡದೆ ಹೊಸ ಕೆರೆ ತೋಡಿಸಲು ಹೊರಡುವವರನ್ನು ಏನೆನ್ನಬೇಕು?

ಲಕ್ಷಣಗಳು ತಾವೇ ಮಾತಾಡುತ್ತವೆ, ಕೇಳುವವರು ಬೇಕು. 'ಡಿ'ಗೋ 'ಆರ್'ಗೋ ಹಾಕಿದ ಮೇಲೆ ಎರಡು ಮೂರು ಸೆಕೆಂಡು ಸುಮ್ಮನಿದ್ದು ಆಮೇಲೆ ಧಡಕ್ಕೆಂದು ಹಿಡಿದರೆ, ಎಣ್ಣೆಯ ಮಟ್ಟ ಅಥವಾ ಒತ್ತಡ ಕಡಿಮೆಯಿದೆಯೇ ಎಂದು ಮೊದಲು ನೋಡಬೇಕು. ಎಂಜಿನ್ ಭೋರ್ಗರೆದರೂ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಜಾರುತ್ತಿದೆ. ಅದಕ್ಕೆ ಪ್ಲೇಟು ಸವೆದದ್ದೂ ಕಾರಣವಿರಬಹುದು, ಅದನ್ನು ಒತ್ತುವಷ್ಟು ಎಣ್ಣೆ ಇಲ್ಲದಿರುವುದೂ ಇರಬಹುದು. ಒಂದೇ ವೇಗದಲ್ಲಿ ಹೋಗುವಾಗ, ರಸ್ತೆಯಲ್ಲಿ ಹಂಪು ಸಾಲಾಗಿ ಹಾಕಿದಂತೆ ಗಾಡಿ ನಡುಗಿದರೆ ಟಾರ್ಕ್ ಕನ್ವರ್ಟರಿನೊಳಗಿನ ಲಾಕಪ್ ಕ್ಲಚ್ಚಿನ ಮೇಲೆ ಸಂಶಯ ಪಡಬೇಕು. ಆದರೆ ಎಂಜಿನ್ನಿನ ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೂ ಇಂಥದೇ ನಡುಕ ಬರುತ್ತದೆ. ಎಂಜಿನ್ ಕೂರುವ ರಬ್ಬರ್ ಮೌಂಟು ಒಡೆದಿದ್ದರೆ ಗೇರು ಬಿದ್ದಾಗಲೆಲ್ಲ ಗುದ್ದಿದಂತೆ ಆಗುತ್ತದೆ. ಅಲ್ಲಿ ಗೇರ್‌ಬಾಕ್ಸಿನ ತಪ್ಪೇ ಇಲ್ಲ. ಗಾಡಿ ಇದ್ದಕ್ಕಿದ್ದಂತೆ ಒಂದೇ ಗೇರಿನಲ್ಲಿ ನಿಂತುಬಿಟ್ಟರೆ ಅದು ಹಾಳಾಗಿದೆಯೆಂದೇ ಅರ್ಥವಲ್ಲ. ಏನೋ ತಪ್ಪಿದೆಯೆಂದು ಕಂಡ ಕಂಪ್ಯೂಟರು, ಹೆಚ್ಚು ಹಾನಿಯಾಗದಂತೆ ಕುಂಟಿಕೊಂಡಾದರೂ ಮನೆ ಸೇರಲೆಂದು ಮಾಡಿದ ಏರ್ಪಾಡು ಅದು.

ಎಣ್ಣೆಯೂ ಕಥೆ ಹೇಳುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಹೊಸ ಗೇರೆಣ್ಣೆ ಕುಂಕುಮದ ನೀರಿನಂತೆ ಕೆಂಪು. ಕಪ್ಪಗಾಗಿ ಸುಟ್ಟ ವಾಸನೆ ಬಂದರೆ ಒಳಗೆ ಪ್ಲೇಟು ಬೆಂದಿರಬಹುದು. ಸ್ಟ್ರಾಬೆರಿ ಮಿಲ್ಕ್‌ಶೇಕಿನಂತೆ ಹಾಲು ಬೆರೆತ ಬಣ್ಣವಿದ್ದರೆ ರೇಡಿಯೇಟರಿನ ನೀರೋ ಹೊರಗಿನ ನೀರೋ ಸೇರಿದೆ. ಈಗಿನ ಅನೇಕ ಗಾಡಿಗಳಲ್ಲಿ ನಾವೇ ನೋಡೋಣವೆಂದರೆ ಅಳೆಯುವ ಕಡ್ಡಿಯೇ ಇರುವುದಿಲ್ಲ. ಗಾಡಿಯನ್ನು ಸಮತಟ್ಟಾಗಿ ಎತ್ತಿ, ಎಣ್ಣೆ ಇಂತಿಷ್ಟು ಶಾಖಕ್ಕೆ ಬಂದಾಗ ಕೆಳಗಿನ ಬಿರಡೆ ತೆಗೆದು ನೋಡಬೇಕು. ಅದಕ್ಕೆ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಉಳಿಸಲೆಂದೇ ಅಲ್ಲವೇ ನಮ್ಮ ಕಾಲಿನ ಮೇಲೆ ಆರೋಪ?

ಸ್ಕ್ಯಾನರ್ ಎಂಬ ಇನ್ನೊಂದು ದೇವರಿದೆ. ಸ್ಟೇರಿಂಗಿನ ಕೆಳಗೆ ಅದನ್ನು ಸಿಕ್ಕಿಸಿ, "ನೋಡಿ, ಪಿ 0700 ಬಂದಿದೆ. ಗೇರ್‌ಬಾಕ್ಸ್ ಫೇಲ್" ಎಂದು ಪರದೆ ತೋರಿಸುತ್ತಾರೆ. ಪಿ 0700 ಎಂದರೆ ಗೇರಿನ ಕಂಪ್ಯೂಟರಿನ ಬಳಿ ಏನೋ ದೂರು ದಾಖಲಾಗಿದೆ ಎಂದಷ್ಟೇ. ಆ ದೂರು ಯಾವುದೆಂದು ಮುಂದೆ ಓದಬೇಕು. ಪಿ 0715 ಎಂದಿದ್ದರೆ ಒಳಬರುವ ವೇಗ ಅಳೆಯುವ ಸೆನ್ಸಾರಿನ ಸರ್ಕ್ಯೂಟಿನಲ್ಲಿ ದೋಷ. ಸೆನ್ಸಾರೇ ಕೆಟ್ಟಿರಬಹುದು, ಇಲಿ ವೈರು ಕಡಿದಿರಬಹುದು, ಕನೆಕ್ಟರಿಗೆ ತುಕ್ಕು ಹಿಡಿದಿರಬಹುದು. ಕೋಡು ಹೇಳುವುದು ಬೀದಿಯ ಹೆಸರು, ಮನೆ ಹುಡುಕುವುದು ಮನುಷ್ಯನ ಕೆಲಸ. ತರಗತಿಯಲ್ಲಿ ಹುಡುಗನೊಬ್ಬ ತಪ್ಪು ತಪ್ಪಾಗಿ ಬರೆದುಕೊಂಡರೆ ಅವನಿಗೆ ಬೋರ್ಡು ಕಾಣಿಸುತ್ತದೆಯೇ ಎಂದು ನಾವು ಮೊದಲು ನೋಡುತ್ತೇವೆ, ಟಿ.ಸಿ. ಕೊಟ್ಟು ಕಳಿಸುವುದಿಲ್ಲ.

ನಮ್ಮ ಮನೆಯ ಗಾಡಿಯದೇ ಒಂದು ಉದಾಹರಣೆ ಕೊಡುತ್ತೇನೆ. ಗುಂಡ್ಯದಿಂದ ಸಕಲೇಶಪುರಕ್ಕೆ ಶಿರಾಡಿ ಘಾಟಿ ಹತ್ತುವಾಗ, ತಿರುವಿನಲ್ಲಿ ಎಂಜಿನ್ ಕಿರುಚುತ್ತಿತ್ತು, ಗಾಡಿ ಎಳೆಯುತ್ತಿರಲಿಲ್ಲ. ಮನೆಯ ಪೋರ್ಟಿಕೋದಲ್ಲಿ ಕೆಂಪು ಎಣ್ಣೆಯ ಕಲೆ ಬೀಳುತ್ತಿತ್ತು. ಎರಡನ್ನೂ ವರ್ಕ್‌ಶಾಪಿನಲ್ಲಿ ಹೇಳಿದೆ. ಅಲ್ಲಿನ ಸೂಪರ್‌ವೈಸರು ನನ್ನ ಮಾತು ಮುಗಿಯುವ ಮೊದಲೇ ನಮ್ಮ ಯಜಮಾನರ ಕಡೆ ತಿರುಗಿ, "ಸಾರ್, ಗಾಡಿ ನೀವೇ ಓಡಿಸಿದಾಗಲೂ ಹೀಗಾಗುತ್ತಾ?" ಎಂದರು. ನಮ್ಮವರಿಗೆ ಡ್ರೈವಿಂಗೇ ಬರುವುದಿಲ್ಲ! ಕಲೆಯ ವಿಷಯಕ್ಕೆ "ಅದು ಎಸಿ ನೀರಿರಬೇಕು" ಎಂಬ ಉತ್ತರ ಬಂತು. ಎಸಿ ನೀರು ಕೆಂಪಗಿರುವುದನ್ನು ನಾನಂತೂ ಕಂಡಿಲ್ಲ. ಎರಡು ದಿನ ಇಟ್ಟುಕೊಂಡು ಕೊಟ್ಟ ಅಂದಾಜು ಪಟ್ಟಿಯಲ್ಲಿ ಒಂದು ಲಕ್ಷ ಎಂಬತ್ತು ಸಾವಿರ ರೂಪಾಯಿಗೆ ಗೇರ್‌ಬಾಕ್ಸ್ ಬದಲಾವಣೆ ಎಂದು ಒಂದೇ ಸಾಲು ಇತ್ತು.

ಗಾಡಿಯನ್ನು ಅಲ್ಲಿಂದ ಬಿಡಿಸಿ, ಇದೇ ಕೆಲಸದಲ್ಲಿ ಪಳಗಿದ ವಯಸ್ಸಾದ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆವು. ಅವರು ಕೇಳಿದ್ದು ಮೂರೇ ಪ್ರಶ್ನೆ. "ಏರಿನಲ್ಲಿ ಮಾತ್ರವೇ ಅಕ್ಕಾ? ಬಿಸಿಯಾದ ಮೇಲೆ ಹೆಚ್ಚಾಗುತ್ತದೆಯೇ? ಕಲೆ ಗಾಡಿಯ ಯಾವ ಭಾಗದ ಕೆಳಗೆ ಬೀಳುತ್ತದೆ?" ಲಿಫ್ಟಿಗೆ ಏರಿಸಿ ನೋಡಿದರೆ, ಎಣ್ಣೆಯನ್ನು ತಂಪಾಗಿಸಲು ಒಯ್ಯುವ ಪೈಪಿನ ಜೋಡಣೆಯಲ್ಲಿ ಒಸರುತ್ತಿತ್ತು. ಒಳಗೆ ಎಣ್ಣೆ ಇಳಿದಿತ್ತು. ಪೈಪು ಬದಲಿಸಿ, ಕಂಪನಿ ಪುಸ್ತಕ ಹೇಳಿದ ಎಣ್ಣೆಯನ್ನೇ ಮಟ್ಟಕ್ಕೆ ತುಂಬಿ, ನನ್ನನ್ನೇ ಓಡಿಸಲು ಹೇಳಿ ಪಕ್ಕದಲ್ಲಿ ಕೂತು ಪರೀಕ್ಷಿಸಿದರು. ಖರ್ಚು ಹನ್ನೊಂದು ಸಾವಿರ. ಹಾಗೆಯೇ ಬಿಟ್ಟಿದ್ದರೆ ಪ್ಲೇಟುಗಳು ಸುಟ್ಟು, ಮೊದಲಿನವರ ಭವಿಷ್ಯವಾಣಿ ತಾನಾಗಿ ನಿಜವಾಗುತ್ತಿತ್ತು. ನೆಗಡಿಗೆ ಮೂಗು ಕೊಯ್ಯುವವರಿಗೆ ಕೊನೆಗೆ ಕೊಯ್ಯಲು ಕಾರಣ ಸಿಕ್ಕಿಯೇ ಸಿಗುತ್ತದೆ.

ಇದು ಸಣ್ಣ ಊರಿನ ಅಜ್ಞಾನ ಎಂದುಕೊಳ್ಳಬೇಡಿ. ಆಸ್ಟ್ರೇಲಿಯಾದಲ್ಲಿ ಫೋರ್ಡ್ ಕಂಪನಿಯ ಫಿಯೆಸ್ಟಾ, ಫೋಕಸ್, ಇಕೋಸ್ಪೋರ್ಟ್ ಗಾಡಿಗಳಲ್ಲಿದ್ದ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ನಡುಗುತ್ತದೆಂದು ಜನ ದೂರು ಕೊಟ್ಟರು. ನಡುಕ ಆ ಯಂತ್ರದ ದೋಷದ ಲಕ್ಷಣವೆಂದು ಕಂಪನಿಗೆ ಗೊತ್ತಿತ್ತು. ಆದರೂ ಎಷ್ಟೋ ಗಿರಾಕಿಗಳಿಗೆ, ಅದು ನೀವು ಓಡಿಸುವ ರೀತಿಯಿಂದ ಬರುತ್ತಿದೆ ಎಂದೇ ಹೇಳಿತು. ಅಲ್ಲಿನ ಗ್ರಾಹಕ ಆಯೋಗ ನ್ಯಾಯಾಲಯಕ್ಕೆ ಹೋಯಿತು. 2018ರ ಏಪ್ರಿಲ್‌ನಲ್ಲಿ ಫೆಡರಲ್ ನ್ಯಾಯಾಲಯ, ದೂರುಗಳನ್ನು ಹೀಗೆ ನಡೆಸಿಕೊಂಡದ್ದು ಅನ್ಯಾಯದ ನಡವಳಿಕೆಯೆಂದು ಹೇಳಿ ಒಂದು ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಅಲ್ಲಿ ಗಂಡಸರಿಗೂ ಇದೇ ಮಾತು ಹೇಳಿದ್ದಾರು. ಆದರೆ ನಮ್ಮಲ್ಲಿ ಈ ಮಾತು ಹೆಂಗಸರ ಮೇಲೆ ಸುಲಭವಾಗಿ ನಿಲ್ಲುತ್ತದೆ, ಏಕೆಂದರೆ ನಾವೇ ಅದನ್ನು ನಂಬಲು ಅರ್ಧ ತಯಾರಾಗಿರುತ್ತೇವೆ.

ಮೆಕ್ಯಾನಿಕ್‌ಗಳೆಲ್ಲ ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ಬಾಕ್ಸು ನಿಜವಾಗಿ ಹಾಳಾಗುವುದೂ ಉಂಟು, ಇಳಿಸಿ ಬಿಚ್ಚಲೇಬೇಕಾಗುವುದೂ ಉಂಟು. ಅವರದೂ ಒಂದು ನ್ಯಾಯವಾದ ದೂರಿದೆ: ಕಾಯಿಲೆ ಕಂಡುಹಿಡಿದ ಕೆಲಸಕ್ಕೆ ನಾವು ದುಡ್ಡು ಕೊಡುವುದಿಲ್ಲ. ಡಾಕ್ಟರು ಮಾತ್ರೆ ಬರೆಯದಿದ್ದರೂ ಫೀಸು ಕೊಡುವವರು, "ಬರೀ ನೋಡಿದ್ದಕ್ಕೆ ಸಾವಿರ ರೂಪಾಯಿಯೇ?" ಎಂದು ಗ್ಯಾರೇಜಿನಲ್ಲಿ ಚೌಕಾಸಿಗೆ ನಿಲ್ಲುತ್ತಾರೆ. ನೋಡಿದ್ದಕ್ಕೆ ಕೂಲಿ ಇಲ್ಲವೆಂದಾದರೆ, ನೋಡದೆಯೇ ಬಿಡಿಭಾಗ ಮಾರುವುದು ಕಸುಬಾಗುತ್ತದೆ. ಪರೀಕ್ಷೆಗೆ ಹಣ ಕೊಡೋಣ, ಪರೀಕ್ಷೆಯನ್ನೇ ಕೇಳೋಣ.

ಕೇಳಲು ಎಂಜಿನಿಯರಿಂಗ್ ಓದಬೇಕಿಲ್ಲ. ಹಾಲಿನ ಲೆಕ್ಕ ಬರೆದಂತೆ ಗಾಡಿಯ ಲೆಕ್ಕವನ್ನೂ ಬರೆದಿಡಿ. ತೊಂದರೆ ಬಂದದ್ದು ಬೆಳಗಿನ ತಣ್ಣನೆ ಗಾಡಿಗೋ, ಬಿಸಿಯಾದ ಮೇಲೋ? ಯಾವ ಗೇರಿನಿಂದ ಯಾವುದಕ್ಕೆ? ಎಷ್ಟು ವೇಗದಲ್ಲಿ? ಏರಿನಲ್ಲೋ, ಸಪಾಟಿನಲ್ಲೋ? ಇತ್ತೀಚೆಗೆ ಬ್ಯಾಟರಿ ಬದಲಿಸಿದಿರೋ? ಕೆಲವು ಗಾಡಿಗಳ ಕಂಪ್ಯೂಟರು ಕಲಿತದ್ದನ್ನು ಆಗ ಮರೆತು, ಸ್ವಲ್ಪ ದಿನ ಒರಟಾಗಿ ಗೇರು ಬದಲಿಸುತ್ತದೆ. ಈ ಕಾಗದವನ್ನು ಕೈಗೆ ಕೊಟ್ಟು, ಅವರಿಂದಲೂ ಕಾಗದವನ್ನೇ ಕೇಳಿ: ಎಣ್ಣೆಯ ಮಟ್ಟ, ಬಣ್ಣ ನೋಡಿದಿರಾ? ಬಂದ ಕೋಡುಗಳೆಲ್ಲ ಯಾವುವು? ವೈರು, ಬ್ಯಾಟರಿ ಪರೀಕ್ಷಿಸಿದಿರಾ? ಎಣ್ಣೆಯ ಒತ್ತಡ ಅಳೆದಿರಾ? ನನ್ನನ್ನು ಕೂರಿಸಿಕೊಂಡು ಓಡಿಸಿ ನೋಡಿದಿರಾ? ತೆಗೆದ ಹಳೆಯ ಭಾಗವನ್ನು ತೋರಿಸುತ್ತೀರಾ?

ಈ ಪ್ರಶ್ನೆಗಳಿಗೆ ಮುಖ ಸಿಂಡರಿಸುವವರ ಬಳಿ ಗಾಡಿ ಬಿಡಬೇಡಿ. 1986ರ ಗ್ರಾಹಕ ಕಾನೂನಿನ ಬದಲಿಗೆ ಬಂದ 2019ರ ಕಾನೂನು, ಸಂಬಂಧಪಟ್ಟ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದನ್ನೂ ಸೇವೆಯ ಕೊರತೆ ಎಂದೇ ಕರೆಯುತ್ತದೆ. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ಜಿಲ್ಲಾ ಗ್ರಾಹಕರ ಆಯೋಗ ಇದೆ. ಆದರೆ ಅಲ್ಲಿಯವರೆಗೆ ಹೋಗುವ ಮೊದಲು ಬೇಕಾದದ್ದು ಒಂದೇ. "ನಿಮಗೆ ಓಡಿಸಲು ಬರುವುದಿಲ್ಲ" ಎಂದವರಿಗೆ ತಲೆ ತಗ್ಗಿಸದೆ, "ಇರಬಹುದು. ಮೊದಲು ಎಣ್ಣೆ ನೋಡಿ, ಆಮೇಲೆ ನನ್ನ ಕಾಲು ನೋಡೋಣ" ಎನ್ನುವಷ್ಟು ಗಂಟಲು.