ಕೊಳ್ಳುವ ಮುನ್ನ: ತಣ್ಣೀರಿಗಿಳಿಯುವ ಮಗಳಿಗೆ ಏನು ಕೊಡಿಸೋಣ?



ಕುಕ್ಕರು, ಮಿಕ್ಸರು, ಹೊಲಿಗೆ ಯಂತ್ರ ಅಂತ ನಾವು ಈ ಅಂಕಣದಲ್ಲಿ ಏನೇನೋ ಮಾತಾಡಿದ್ದೇವೆ. ಈ ಸಲದ ಸಾಮಾನು ಮಾತ್ರ ನಮ್ಮ ಪೇಟೆಯ ಯಾವ ಅಂಗಡಿಯಲ್ಲೂ ಸಿಗುವಂಥದಲ್ಲ. ಶಿರಸಿ ಕಡೆಯ ತಾಯಿಯೊಬ್ಬರು ಬರೆದಿದ್ದಾರೆ. ಅವರ ಮಗಳು ಮದುವೆಯಾಗಿ ಸ್ಕಾಟ್ಲೆಂಡಿನಲ್ಲಿದ್ದಾಳೆ. ಊರಿಗೆ ಬಂದಾಗ ಮುರುಡೇಶ್ವರದ ಹತ್ತಿರ ನೇತ್ರಾಣಿ ದ್ವೀಪದಲ್ಲಿ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಲ್ಲಿ ಮುಳುಗಿ ಮೀನು ನೋಡಿ ಬಂದವಳು, ಈಗ ಅಲ್ಲಿನ ಕ್ಲಬ್ಬು ಸೇರಿ ಸ್ಕೂಬಾ ಕಲಿಯುತ್ತಾಳಂತೆ. “ಹುಟ್ಟುಹಬ್ಬಕ್ಕೆ ಒಂದಿಷ್ಟು ದುಡ್ಡು ಕಳಿಸೋಣ ಅಂತಿದ್ದೇನೆ. ಬೇಡ ಅಂತ ಬುದ್ಧಿ ಹೇಳೋದು ಬಿಟ್ಟು ದುಡ್ಡು ಕಳಿಸ್ತೀಯಾ ಅಂತ ನಮ್ಮನೆಯವರು ರೇಗುತ್ತಾರೆ. ನೀವೇ ಹೇಳಿ, ಮೊದಲು ಏನು ಕೊಳ್ಳಲಿ ಅವಳು?”

ಬೇಡ ಅನ್ನುವುದು ಸುಲಭ. ಆದರೆ ದೂರದಲ್ಲಿರುವ ಮಗಳು ಬೇಡ ಅಂದ ಮಾತ್ರಕ್ಕೆ ಬಿಡುತ್ತಾಳೆಯೆ? ಯಾರದೋ ಸಡಿಲ ಉಡುಪು ಹಾಕಿಕೊಂಡು ನೀರಿಗಿಳಿಯುವುದಕ್ಕಿಂತ, ಸರಿಯಾದದ್ದನ್ನು ಕೇಳಿ ತಿಳಿದು ಇಳಿಯುವುದು ಮೇಲು. ಇನ್ನು, ಹೆಂಗಸರಿಗೇಕೆ ಈ ಸಾಹಸ ಅನ್ನುವವರಿಗೆ ಒಂದು ಮಾತು. ದಕ್ಷಿಣ ಕೊರಿಯಾದ ಜೆಜು ದ್ವೀಪದಲ್ಲಿ ಸಮುದ್ರಕ್ಕೆ ಮುಳುಗಿ ಚಿಪ್ಪು, ಪಾಚಿ ತಂದು ಸಂಸಾರ ಸಾಕಿದವರು ಹೆಂಗಸರೇ. ಅವರನ್ನು ಹೇನ್ಯೊ ಅನ್ನುತ್ತಾರೆ. ಸಿಲಿಂಡರ್ ಇಲ್ಲ, ಉಸಿರು ಬಿಗಿಹಿಡಿದು ಮುಳುಗುವುದು. 1970ರ ದಶಕದಲ್ಲಿ ರಬ್ಬರಿನ ಉಡುಪು ಬರುವವರೆಗೂ ಅವರು ಹತ್ತಿಬಟ್ಟೆಯಲ್ಲೇ ಆ ಚಳಿನೀರಿಗೆ ಇಳಿಯುತ್ತಿದ್ದರು. 2016ರಲ್ಲಿ ಯುನೆಸ್ಕೊ ಅವರ ಸಂಸ್ಕೃತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ವಿಷಯಕ್ಕೆ ಬರೋಣ. ನೇತ್ರಾಣಿಯ ನೀರು ಬೆಚ್ಚಗಿನದು, 28 ಡಿಗ್ರಿಯ ಆಸುಪಾಸು. ಸ್ಕಾಟ್ಲೆಂಡಿನ ಸಮುದ್ರ ಚಳಿಗಾಲದ ಕೊನೆಗೆ 6–7 ಡಿಗ್ರಿ. ಬೇಸಿಗೆಯ ಕೊನೆಗೂ 13–14ರ ಸುತ್ತಮುತ್ತವೇ. ಫ್ರಿಜ್ಜಿನೊಳಗಿನ ನೀರು ನೆನಪಿಸಿಕೊಳ್ಳಿ! ಗಾಳಿಗಿಂತ ನೀರು ಇಪ್ಪತ್ತಕ್ಕೂ ಹೆಚ್ಚು ಪಟ್ಟು ವೇಗವಾಗಿ ಮೈಶಾಖವನ್ನು ಸೆಳೆಯುತ್ತದೆ. ಮೊದಲು ಬೆರಳು ಮರಗಟ್ಟುತ್ತವೆ, ಬಕಲ್ ಬಿಚ್ಚಲು ಬಾರದು. ಆಮೇಲೆ ಬುದ್ಧಿಯೂ ಮಂದವಾಗುತ್ತದೆ. ಆದ್ದರಿಂದ ತಣ್ಣೀರಿನಲ್ಲಿ ಬೆಚ್ಚಗಿರುವುದು ಸುಖದ ಮಾತಲ್ಲ, ಜೀವದ ಮಾತು. ಕೊಳ್ಳುವ ಕ್ರಮವೂ ಅದಕ್ಕೆ ತಕ್ಕಂತೆ ಇರಲಿ.

ಮೊದಲು ಮಾಸ್ಕು. ಇದು ಅವರವರ ಮುಖಕ್ಕೆ ಹೊಂದಬೇಕಾದ ಸಾಮಾನು, ಆದ್ದರಿಂದ ಸ್ವಂತದ್ದೇ ಇರಬೇಕು. ಅಂಗಡಿಯಲ್ಲಿ ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದು ಕೈಬಿಡಲಿ. ಬೀಳದೆ ನಿಂತರೆ ಸರಿ. ಒಂದು ಎಳೆ ಕೂದಲು ಅಂಚಿನಡಿ ಸಿಕ್ಕಿದರೂ ನೀರು ಜಿನುಗುತ್ತದೆ, ಜಡೆ ಬಿಗಿಯಾಗಿ ಹೆಣೆದಿರಬೇಕು. ಮೂಗು ಮಾಸ್ಕಿನೊಳಗೇ ಇರಬೇಕು. ಈಜುಕೊಳದ ಕನ್ನಡಕ ಇದಕ್ಕೆ ಆಗದು. ಚಷ್ಮಾ ಹಾಕುವವರಿಗೆ ಪವರ್ ಗಾಜಿನ ಮಾಸ್ಕೂ ಸಿಗುತ್ತದೆ. ಹೊಸ ಗಾಜಿನ ಒಳಮೈಗೆ ಬಿಳಿ ಟೂತ್‌ಪೇಸ್ಟ್ ತಿಕ್ಕಿ ತೊಳೆದರೆ ಆವಿ ಕಟ್ಟುವುದು ಕಡಿಮೆ. ಒಳಗೆ ಲೇಪನವಿರುವ ಗಾಜಿಗೆ ಮಾತ್ರ ಹಾಗೆ ತಿಕ್ಕಬಾರದು.

ಎರಡನೆಯದು ಕುಲಾವಿ, ಕೈಗವುಸು. ತಲೆ, ಕಿವಿ, ಕುತ್ತಿಗೆ ಮುಚ್ಚುವ ದಪ್ಪ ರಬ್ಬರಿನ ಕುಲಾವಿ 5ರಿಂದ 7 ಮಿಲಿಮೀಟರಿನದು ಇರಲಿ. ತಣ್ಣೀರು ಏಕಾಏಕಿ ಕಿವಿಗೆ ನುಗ್ಗಿದರೆ ತಲೆ ತಿರುಗುತ್ತದೆ, ನೀರಿನಡಿ ತಲೆ ತಿರುಗಿದರೆ ಮೇಲು ಕೆಳಗು ತಿಳಿಯದು. ಕೈಗವುಸು ಬೆಚ್ಚಗಿರಬೇಕು ನಿಜ, ಆದರೆ ಅದನ್ನು ಹಾಕಿಕೊಂಡೇ ಬಕಲ್ ಹಾಕಿ ಬಿಚ್ಚಲು ಬರಬೇಕು. ಅಂಗಡಿಯಲ್ಲೇ ಪ್ರಯತ್ನಿಸಿ ನೋಡಲಿ.

ಮೂರನೆಯದು ಉಡುಪು. ದುಡ್ಡು ಹೋಗುವುದು ಇಲ್ಲೇ. ಇದರಲ್ಲಿ ಎರಡು ಬಗೆ. ‘ವೆಟ್‌ಸೂಟ್’ ಅಂದರೆ ನಿಯೋಪ್ರೀನ್ ಎಂಬ ರಬ್ಬರಿನ ಬಿಗಿ ಉಡುಪು. ಒಳಗೆ ತೆಳುವಾಗಿ ನೀರು ಸೇರುತ್ತದೆ, ಮೈಶಾಖಕ್ಕೆ ಅದು ಬೆಚ್ಚಗಾಗಿ ನಿಲ್ಲುತ್ತದೆ. ಸಡಿಲವಿದ್ದರೆ ಹಳೇ ನೀರು ಹೋಗಿ ಹೊಸ ತಣ್ಣೀರು ಬರುತ್ತಲೇ ಇರುತ್ತದೆ. ಆದ್ದರಿಂದ ಹೆಂಗಸರ ಅಳತೆಗೇ ಕತ್ತರಿಸಿದ್ದು ಕೊಳ್ಳಬೇಕು, ಅಳಿಯಂದಿರದು ನಡೆಯದು. ಆಳಕ್ಕೆ ಹೋದಷ್ಟೂ ಒತ್ತಡಕ್ಕೆ ಈ ರಬ್ಬರು ತೆಳುವಾಗುತ್ತದೆ, ಬಿಸುಪೂ ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಸ್ವಲ್ಪ ಹೊತ್ತು ಮುಳುಗಲು 7 ಮಿಲಿಮೀಟರಿನದು ಸಾಕಾಗಬಹುದು.

ವರ್ಷವಿಡೀ ಮುಳುಗುವ ಆಸೆಯಿದ್ದರೆ ‘ಡ್ರೈಸೂಟ್’ ಬೇಕು. ಇದರೊಳಗೆ ನೀರು ಬರುವುದೇ ಇಲ್ಲ. ಉಣ್ಣೆ ಸ್ವೆಟರಿನ ಮೇಲೆ ರೇನ್‌ಕೋಟು ಹಾಕಿದಂತೆ ಅಂದುಕೊಳ್ಳಿ. ಬೆಚ್ಚಗಿಡುವುದು ಹೆಚ್ಚಾಗಿ ಒಳಬಟ್ಟೆ ಮತ್ತು ಅದರಲ್ಲಿ ನಿಂತ ಗಾಳಿ. ಒಳಗೆ ಹತ್ತಿಬಟ್ಟೆ ಬೇಡ. ಬೆವರು ಹೀರಿ ತಣ್ಣಗಾಗಿ ಕೂರುತ್ತದೆ. ಉಣ್ಣೆಯೋ ಫ್ಲೀಸೋ ಇರಲಿ. ಕುತ್ತಿಗೆ, ಮಣಿಕಟ್ಟಿನ ಪಟ್ಟಿ ಹಲವು ಉಡುಪುಗಳಲ್ಲಿ ತೆಳು ಲೇಟೆಕ್ಸ್ ರಬ್ಬರಿನದು. ಬಳೆ, ಉಂಗುರ, ಉಗುರು ತಾಗಿದರೆ ಹರಿಯುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದ ತಲೆಯೂ ಆಗದು, ಎಣ್ಣೆ ಲೇಟೆಕ್ಸನ್ನು ಹಾಳುಮಾಡುತ್ತದೆ. ಸುವಾಸನೆಯಿಲ್ಲದ ಟಾಲ್ಕ್ ಪುಡಿ ಸವರಿಕೊಂಡರೆ ಸಲೀಸಾಗಿ ಜಾರುತ್ತದೆ.

ಒಂದು ಎಚ್ಚರಿಕೆ. ಡ್ರೈಸೂಟಿನೊಳಗಿನ ಗಾಳಿ ಮೇಲಕ್ಕೆ ಬರುವಾಗ ಹಿಗ್ಗುತ್ತದೆ. ಅದನ್ನು ಬಿಡುವುದು ತಿಳಿಯದಿದ್ದರೆ ಬೆಂಡಿನಂತೆ ಒಮ್ಮೆಗೇ ಮೇಲಕ್ಕೆ ಚಿಮ್ಮಬೇಕಾಗುತ್ತದೆ, ಶ್ವಾಸಕೋಶಕ್ಕೆ ಅಪಾಯ. ಇದಕ್ಕೆ ಬೇರೆಯೇ ಪಾಠವಿದೆ. ಪಾಠ ಮುಗಿಸಿ, ಕ್ಲಬ್ಬಿನದನ್ನು ಬಾಡಿಗೆಗೆ ಪಡೆದು ಕೆಲವು ಸಲ ಮುಳುಗಿದ ಮೇಲೆಯೇ ಡ್ರೈಸೂಟ್ ಕೊಳ್ಳಲಿ. ಮೊದಲೇ ಕೊಂಡು ಅಳತೆ ತಪ್ಪಿದರೆ ಅಷ್ಟು ದುಡ್ಡೂ ನೀರಿಗೆ ಹಾಕಿದಂತೆ.

ಉಡುಪಿನ ಆಮೇಲೆ ಕಾಲಿನ ಫಿನ್ನು. ಈ ಕ್ರಮ ತಪ್ಪಬಾರದು. ಡ್ರೈಸೂಟಿನ ಬೂಟು ದೊಡ್ಡದು, ಮೊದಲೇ ಕೊಂಡ ಫಿನ್ನಿನೊಳಗೆ ಅದು ಹೋಗದೇ ಇರಬಹುದು. ಹಿಮ್ಮಡಿ ತೆರೆದಿದ್ದು ಪಟ್ಟಿಯಿರುವಂಥದು ಇರಲಿ.

ರೆಗ್ಯುಲೇಟರ್ ಕಡೆಗೆ. ಗ್ಯಾಸ್ ಸಿಲಿಂಡರಿನ ಒತ್ತಡ ತಗ್ಗಿಸಿ ಒಲೆಗೆ ಕೊಡುವುದು ನಮ್ಮ ಮನೆಯ ರೆಗ್ಯುಲೇಟರಿನ ಕೆಲಸವಲ್ಲವೆ? ಅದೇ ಕೆಲಸ ಇಲ್ಲಿಯೂ. ಮುಳುಗುವವರ ಸಿಲಿಂಡರಿನಲ್ಲಿ ಗಾಳಿ 200 ಬಾರ್ ಅಥವಾ ಅದಕ್ಕೂ ಹೆಚ್ಚು ಒತ್ತಡದಲ್ಲಿರುತ್ತದೆ, ಅಂದರೆ ಕಾರಿನ ಟೈರಿನ ಸುಮಾರು ನೂರು ಪಟ್ಟು. ಸೈಕಲ್ ಟೈರಿನ ಗಾಳಿ ಬಿಟ್ಟಾಗ ಬೆರಳಿಗೆ ತಣ್ಣಗಾಗುವುದು ಗೊತ್ತಲ್ಲ? ಹಾಗೆಯೇ ಇಲ್ಲಿ ಗಾಳಿ ಹಿಗ್ಗಿದಾಗ ಲೋಹ ಕೊರೆಯುತ್ತದೆ. ಸುತ್ತಲ ನೀರೂ ತಣ್ಣಗಿದ್ದರೆ ಒಳಗೆ ಮಂಜುಗಡ್ಡೆ ಕಟ್ಟಿ ಕವಾಟ ತೆರೆದೇ ನಿಂತುಬಿಡಬಹುದು. ಆಗ ಗಾಳಿ ಭುಸುಗುಟ್ಟಿ ಹರಿದು ಕೆಲವೇ ನಿಮಿಷಗಳಲ್ಲಿ ಸಿಲಿಂಡರ್ ಖಾಲಿ! ಆದ್ದರಿಂದ ತಣ್ಣೀರಿಗೆ ಪರೀಕ್ಷಿಸಿದ್ದನ್ನೇ ಕೇಳಬೇಕು. ಯುರೋಪಿನ ಇಎನ್ 250 ಎಂಬ ಮಾನದಂಡದಲ್ಲಿ, 10 ಡಿಗ್ರಿಗಿಂತ ತಣ್ಣನೆಯ ನೀರಿಗೆ ತಕ್ಕದ್ದಲ್ಲದ ರೆಗ್ಯುಲೇಟರಿನ ಮೇಲೆ ‘>10°’ ಎಂಬ ಗುರುತಿರುತ್ತದೆ. ಆ ಗುರುತು ಕಂಡರೆ ಎಷ್ಟೇ ಅಗ್ಗವಿರಲಿ, ಕೆಳಗಿಡಲಿ.

ಸಿಲಿಂಡರು, ತೇಲು ಜಾಕೀಟು, ಸೀಸದ ತೂಕ ಇವನ್ನು ಮೊದಲ ವರ್ಷ ಬಾಡಿಗೆಗೆ ಪಡೆದರೆ ಸಾಕು. ದಪ್ಪ ಉಡುಪು ತೇಲುವುದರಿಂದ ನೇತ್ರಾಣಿಯಲ್ಲಿ ಕಟ್ಟಿದ್ದಕ್ಕಿಂತ ಹೆಚ್ಚು ಸೀಸ ಬೇಕಾಗುತ್ತದೆ. ಎಷ್ಟು ಎಂಬುದನ್ನು ಗುರುಗಳು ನೀರಿನಲ್ಲೇ ನೋಡಿ ಹೇಳಬೇಕು. 1953ರಲ್ಲಿ ಶುರುವಾದ ಬ್ರಿಟಿಷ್ ಸಬ್-ಆಕ್ವಾ ಕ್ಲಬ್ಬಿಗೆ ಊರೂರಲ್ಲಿ ಶಾಖೆಗಳಿವೆ, ಎಷ್ಟೋ ಕಡೆ ಸಾಮಾನು ಎರವಲೂ ಸಿಗುತ್ತದೆ.

ಸೆಕೆಂಡ್ ಹ್ಯಾಂಡ್ ತಗೋಬಹುದೆ? ಫಿನ್ನು, ಸೀಸ ಧಾರಾಳವಾಗಿ ತಗೊಳ್ಳಿ. ಡ್ರೈಸೂಟಾದರೆ ಜಿಪ್ಪು, ಮಣಿಕಟ್ಟಿನ ಪಟ್ಟಿ ಬಿರಿದಿದೆಯೇ ನೋಡಬೇಕು. ರೆಗ್ಯುಲೇಟರ್ ತಗೊಂಡರೆ ತಜ್ಞರಿಂದ ಬಿಚ್ಚಿಸಿ ಸರ್ವಿಸ್ ಮಾಡಿಸದೆ ಬಾಯಿಗಿಡಬಾರದು. ಆ ಖರ್ಚನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ಎಲ್ಲ ಸಾಮಾನನ್ನೂ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು. ಬಿಸಿಲಿಗೆ ರಬ್ಬರು ಬಿರಿಯುತ್ತದೆ.

ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳಲ್ಲಿ ಸ್ಕಾಪಾ ಫ್ಲೋ ಎಂಬ ಜಾಗವಿದೆ. 1919ರ ಜೂನ್ 21ರಂದು ಜರ್ಮನರು ತಮ್ಮ ಯುದ್ಧನೌಕೆಗಳನ್ನು ತಾವೇ ಅಲ್ಲಿ ಮುಳುಗಿಸಿದರು. ಅವುಗಳಲ್ಲಿ ಏಳು ದೊಡ್ಡ ಹಡಗುಗಳು ಇನ್ನೂ ತಳದಲ್ಲಿವೆ. ಅದನ್ನು ನೋಡಬೇಕೆಂಬ ಆಸೆ ಆ ನಾಡಿನಲ್ಲಿ ಮುಳುಗುವ ಎಲ್ಲರಿಗೂ ಬಂದೇ ಬರುತ್ತದೆ. ಆದರೆ ಆ ದೊಡ್ಡ ಹಡಗುಗಳಿರುವುದು ಆಳದಲ್ಲಿ, ಹೊಸಬರಿಗೆ ತಕ್ಕ ಜಾಗವಲ್ಲ. ಮೊದಲ ವರ್ಷ ದಡದ ಹತ್ತಿರವೇ ಸಾಕು.

ಆದ್ದರಿಂದ ತಾಯಿ, ನೀವು ದುಡ್ಡು ಕಳಿಸಿ. ಈ ವರ್ಷ ಮಾಸ್ಕು, ಕುಲಾವಿ, ಕೈಗವುಸು, ಜೊತೆಗೆ ಡ್ರೈಸೂಟಿನ ಪಾಠದ ಫೀಸು. ಉಡುಪು ಮುಂದಿನ ವರ್ಷ. ಯಜಮಾನರಿಗೂ ಸಮಾಧಾನವಾಗುವಂತೆ ಮಗಳಿಂದ ನಾಲ್ಕು ಮಾತು ತೆಗೆದುಕೊಳ್ಳಿ: ವೈದ್ಯರಿಗೆ ಆರೋಗ್ಯದ ವಿಷಯ ಮುಚ್ಚಿಡುವುದಿಲ್ಲ, ಒಬ್ಬಳೇ ಇಳಿಯುವುದಿಲ್ಲ, ಕಲಿತದ್ದಕ್ಕಿಂತ ಆಳಕ್ಕೆ ಹೋಗುವುದಿಲ್ಲ, ನಡುಕ ಶುರುವಾದ ಕೂಡಲೇ ಜೊತೆಗಾರರಿಗೆ ಸನ್ನೆ ಮಾಡಿ ಮೆಲ್ಲಗೆ ಮೇಲಕ್ಕೆ ಬರುತ್ತೇನೆ.

ಮುಂದಿನ ಸಂಚಿಕೆಯಲ್ಲಿ: ಉಣ್ಣೆ ಬಟ್ಟೆ ಕೊಳ್ಳುವಾಗ ನೋಡಬೇಕಾದ್ದೇನು?