‘ಯಾವುದಕ್ಕೂ ಇರಲಿ’ ಎಂಬ ಈಮಾನ್

ನಮ್ಮ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು ‘ಯಾವುದಕ್ಕೂ ಇರಲಿ’. ಮೋಡ ಕಂಡರೆ ಒಂದು ಕೊಡೆ, ಯಾವುದಕ್ಕೂ ಇರಲಿ. ದೂರದ ಊರಿಗೆ ಹೊರಟರೆ ಕಿಸೆಯಲ್ಲಿ ಇನ್ನೂರು ರೂಪಾಯಿ ಹೆಚ್ಚು, ಯಾವುದಕ್ಕೂ ಇರಲಿ. ಈಗ ಈ ಮಾತು ದೇವರ ವಿಷಯಕ್ಕೂ ಬಂದು ಮುಟ್ಟಿದೆ. “ದೇವರು ಇದ್ದಾನಾ ಇಲ್ವಾ ಅಂತ ನಂಗೆ ಗೊತ್ತಿಲ್ಲ ಉಸ್ತಾದ್, ಯಾವುದಕ್ಕೂ ಇರಲಿ ಅಂತ ನಮಾಝ್ ಮಾಡ್ತೇನೆ” ಎಂದು ಹೇಳುವ ಹುಡುಗರು ನಮ್ಮ ಕರಾವಳಿಯಲ್ಲೂ ಇದ್ದಾರೆ. ನಾನು ಕಲಿಸುತ್ತಿರುವ ಈ ಗಂಗಾವತಿ ಕಡೆಯಲ್ಲೂ ಇದ್ದಾರೆ. ಮೊದಲು ಇದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಿದ್ದರು, ಈಗ ಬಾಯಿಬಿಟ್ಟು ಹೇಳುತ್ತಾರೆ. ಅಷ್ಟೇ ವ್ಯತ್ಯಾಸ.

ಕುಷ್ಟಗಿ ಕಡೆಯ ಒಬ್ಬ ಯುವ ರೈತ ಇದನ್ನೇ ಇನ್ನೂ ಚೆನ್ನಾಗಿ ಹೇಳಿದ: “ಹಜರತ್, ದೇವ್ರು ಅದಾನಂದ್ರ ನಾವು ಪಾಸ್ ಆದ್ವಿ. ಇಲ್ಲಂದ್ರ ಹೋಗೋದೇನೈತ್ರಿ? ಬೆಳಿ ವಿಮಾ ಇದ್ದಂಗ.” ಅವನದು ಕುಚೋದ್ಯದ ಮಾತಲ್ಲ. ಮಳೆ ನಂಬಿ ಸಜ್ಜೆ, ತೊಗರಿ ಬಿತ್ತುವ ಮನುಷ್ಯನಿಗೆ ನಷ್ಟದ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತು. ಈ ಮಾತಿಗೆ ‘ತೌಬಾ ತೌಬಾ’ ಎಂದು ಕಿವಿ ಮುಚ್ಚಿಕೊಂಡರೆ ಆಗುವುದಿಲ್ಲ. ಉತ್ತರ ಹೇಳಬೇಕು.

ಮೊದಲನೆಯದಾಗಿ, ಈ ಲೆಕ್ಕ ಹೊಸದೇನೂ ಅಲ್ಲ, ದಡ್ಡರದ್ದೂ ಅಲ್ಲ. ಫ್ರಾನ್ಸಿನ ಬ್ಲೇಸ್ ಪಾಸ್ಕಲ್ (1623–1662) ದೊಡ್ಡ ಗಣಿತಜ್ಞ. ಇವತ್ತು ವಿಮಾ ಕಂಪೆನಿಗಳೆಲ್ಲ ನಿಂತಿರುವ ಸಂಭವನೀಯತೆಯ ಗಣಿತಕ್ಕೆ ಅಡಿಪಾಯ ಹಾಕಿದವರಲ್ಲಿ ಆತನೂ ಒಬ್ಬ. ಅವನು ಸತ್ತ ಮೇಲೆ 1670ರಲ್ಲಿ ಪ್ರಕಟವಾದ ಟಿಪ್ಪಣಿಗಳಲ್ಲಿ ಈ ವಾದ ಉಂಟು: ದೇವರಿದ್ದಾನೆ ಎಂದು ಬದುಕಿ, ಅವನು ನಿಜಕ್ಕೂ ಇದ್ದರೆ ಲಾಭಕ್ಕೆ ಮಿತಿಯೇ ಇಲ್ಲ. ಇಲ್ಲದಿದ್ದರೆ ನಷ್ಟ ಅಲ್ಪ. ಆದ್ದರಿಂದ ಬುದ್ಧಿವಂತನು ನಂಬಿಕೆಯ ಪರವಾಗಿ ಪಣ ಕಟ್ಟುತ್ತಾನೆ. ‘ಪಾಸ್ಕಲನ ಪಣ’ ಅಂತಲೇ ಅದಕ್ಕೆ ಹೆಸರು ಬಂದಿದೆ.

ಆದರೆ ಪಾಸ್ಕಲನಿಗಿಂತ ಐದೂವರೆ ಶತಮಾನ ಮೊದಲೇ ಇಮಾಮ್ ಗಝ್ಝಾಲಿ (1058–1111) ತಮ್ಮ ‘ಇಹ್ಯಾ ಉಲೂಮಿದ್ದೀನ್’ನಲ್ಲಿ ಇದನ್ನು ಚರ್ಚಿಸಿದ್ದಾರೆ. ಪರಲೋಕವನ್ನು ಸಂಶಯಿಸಿದ ಒಬ್ಬನಿಗೆ ಹಝ್ರತ್ ಅಲಿ(ರ) ಹೇಳಿದರೆಂದು ಬಂದ ಮಾತಿನ ಸಾರ ಇಷ್ಟು: ನೀನು ಹೇಳಿದ್ದು ಸರಿಯಾದರೆ ಇಬ್ಬರೂ ಪಾರು. ನಾನು ಹೇಳಿದ್ದು ಸರಿಯಾದರೆ ನಾನು ಪಾರು, ನೀನು ಮುಳುಗಿದೆ. ಕುರ್‌ಆನಿನ ಗಾಫಿರ್ ಅಧ್ಯಾಯದ 28ನೇ ಆಯತ್‌ನಲ್ಲೂ ಇದರ ನೆರಳಿದೆ. ಫಿರ್‌ಔನನ ಕುಟುಂಬದ ಒಬ್ಬ ವಿಶ್ವಾಸಿ ಅವನ ದರ್ಬಾರಿನಲ್ಲಿ ನಿಂತು, ಮೂಸಾ(ಅ) ಸುಳ್ಳು ಹೇಳುತ್ತಿದ್ದರೆ ಅದರ ಫಲ ಅವರಿಗೇ, ನಿಜ ಹೇಳುತ್ತಿದ್ದರೆ ನಿಮ್ಮ ಗತಿಯೇನು ಎಂದು ಕೇಳುತ್ತಾನೆ.

ಹಾಗಾದರೆ ನಮ್ಮ ಕುಷ್ಟಗಿಯ ರೈತ ಹೇಳಿದ್ದೇ ಸರಿಯಾಯಿತಲ್ಲ ಎಂದು ನೀವು ಕೇಳಬಹುದು. ಸ್ವಲ್ಪ ನಿಲ್ಲಿ. ಈ ಮಾತನ್ನು ಹೇಳಿದವರು ಯಾರು ಎಂಬುದನ್ನು ನೋಡುವಾ.

ಫಿರ್‌ಔನನ ದರ್ಬಾರಿನ ಆ ವ್ಯಕ್ತಿ ಸಂಶಯದಲ್ಲಿ ಇರಲಿಲ್ಲ. ತನ್ನ ಈಮಾನನ್ನು ಜನರಿಂದ ಬಚ್ಚಿಟ್ಟಿದ್ದ, ಅಷ್ಟೇ. ಅಲಿಯವರ(ರ) ಮಾತನ್ನು ಹೇಳಿದ ಕೂಡಲೇ ಇಮಾಮ್ ಗಝ್ಝಾಲಿ ಒಂದು ವಿವರಣೆ ಸೇರಿಸುತ್ತಾರೆ: ಅವರು ಇದನ್ನು ತಮಗೆ ಸಂಶಯವಿದ್ದು ಹೇಳಿದ್ದಲ್ಲ, ಎದುರಿಗಿದ್ದವನ ಬುದ್ಧಿಯ ಮಟ್ಟಕ್ಕೆ ಇಳಿದು ಹೇಳಿದ್ದು. ಇನ್ನು ಗಝ್ಝಾಲಿಯವರೇ ಒಂದು ಕಾಲಕ್ಕೆ ಕಣ್ಣು ಕಂಡದ್ದನ್ನೂ ನಂಬಲಾಗದಷ್ಟು ಸಂಶಯಕ್ಕೆ ಬಿದ್ದಿದ್ದರು. ಸುಮಾರು ಎರಡು ತಿಂಗಳು ಅದು ಕಾಯಿಲೆಯಂತೆ ಕಾಡಿತು ಎಂದು ತಮ್ಮ ಆತ್ಮವೃತ್ತಾಂತದಲ್ಲಿ ಬರೆದಿದ್ದಾರೆ. ಅದರಿಂದ ಹೊರಗೆ ಬಂದದ್ದು ಲಾಭ-ನಷ್ಟದ ಲೆಕ್ಕದಿಂದಲ್ಲ, ಅಲ್ಲಾಹನು ಎದೆಗೆ ಹಾಕಿದ ಒಂದು ಬೆಳಕಿನಿಂದ ಎನ್ನುತ್ತಾರೆ. ಪಾಸ್ಕಲನೂ ಹಾಗೆಯೇ. 1654ರ ನವೆಂಬರ್ 23ರ ರಾತ್ರಿ ತನಗಾದ ದೈವಾನುಭವವನ್ನು ಒಂದು ಹಾಳೆಯಲ್ಲಿ ಬರೆದು, ಅಂಗಿಯ ಒಳಬಟ್ಟೆಗೆ ಹೊಲಿದುಕೊಂಡು ಜೀವಮಾನವಿಡೀ ಧರಿಸಿದ್ದ. ಅವನು ಸತ್ತ ಮೇಲಷ್ಟೇ ಅದು ಸಿಕ್ಕಿತು.

ಅಂದರೆ ಈ ವಾದವನ್ನು ಮುಂದಿಟ್ಟ ನಾಲ್ವರೂ ಮನೆಯ ಒಳಗಿದ್ದವರು. ಬೀದಿಯಲ್ಲಿ ನಿಂತವನನ್ನು ನೋಡಿ, ‘ಮಳೆ ಬರುವ ಹಾಗಿದೆ ಮಾರಾಯಾ, ಈಚೆ ಬಾ’ ಎಂದು ಕರೆದ ಮಾತು ಅದು. ಆ ಮಾತಿನಿಂದ ಅವರ್ಯಾರೂ ಮನೆ ಕಟ್ಟಿಕೊಂಡಿರಲಿಲ್ಲ. ನಾವು ಎಡವುತ್ತಿರುವುದು ಇಲ್ಲೇ. ಕರೆಯುವ ಮಾತನ್ನೇ ಮನೆ ಎಂದು ತಿಳಿದುಕೊಂಡು ಹೊಸ್ತಿಲಲ್ಲೇ ಚಾಪೆ ಹಾಸಿ ಮಲಗಿದ್ದೇವೆ.

ಲೋಕದ ವ್ಯವಹಾರದಲ್ಲಿ ‘ಯಾವುದಕ್ಕೂ ಇರಲಿ’ ಎನ್ನುವುದು ವಿವೇಕವೇ, ಅದರಲ್ಲಿ ತಕರಾರಿಲ್ಲ. ಒಂಟೆಯನ್ನು ಕಟ್ಟಿಯೇ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋದಾಗ ಇಲ್ಲಿಯ ಭತ್ತದ ರೈತರ ಜೀವ ಬಾಯಿಗೆ ಬಂದಿತ್ತು. ಬದಲಿ ಗೇಟು ಸಿದ್ಧ ಇರಲಿಲ್ಲ. ಅವಸರದಲ್ಲಿ ತಯಾರಿಸಿ, ಹರಿಯುವ ನೀರಿಗೇ ಇಳಿಸಿ, ಒಂದು ವಾರದೊಳಗೆ ತಡೆ ನಿಲ್ಲಿಸಿದರು. ಅಲ್ಲಿ ‘ಯಾವುದಕ್ಕೂ ಇರಲಿ’ ಎಂದು ಒಂದು ಬದಲಿ ಗೇಟು ಮೊದಲೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಗೇಟಿನ ವಿಷಯದಲ್ಲಿ ಈ ಲೆಕ್ಕ ಸರಿ. ಗೇಟಿಗೆ ನಿಮ್ಮ ಮನಸ್ಸಿನಲ್ಲಿ ಏನಿದೆ ಎಂದು ಗೊತ್ತಾಗುವುದಿಲ್ಲ. ಅಲ್ಲಾಹನಿಗೆ ಗೊತ್ತಾಗುತ್ತದೆ. ಕರ್ಮಗಳ ಬೆಲೆ ಉದ್ದೇಶದ ಮೇಲೆ ನಿಂತಿದೆ ಎಂಬ ಹದೀಸಿನಿಂದಲೇ ಇಮಾಮ್ ಬುಖಾರಿ ತಮ್ಮ ಸಂಗ್ರಹವನ್ನು ಆರಂಭಿಸಿದ್ದು ಸುಮ್ಮನೆಯಲ್ಲ.

ಈಗ ಆ ರೈತನ ಬೆಳೆ ವಿಮೆಗೇ ಬರುವಾ. 2016ರಲ್ಲಿ ಶುರುವಾದ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಬೆಳೆಗಳಿಗೆ ರೈತ ಕಟ್ಟುವುದು ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5. ಕಡಿಮೆ ಕಂತು, ದೊಡ್ಡ ರಕ್ಷಣೆ. ಆದರೆ ಒಂದು ಷರತ್ತು ಪ್ರತಿಯೊಬ್ಬ ರೈತನಿಗೂ ಗೊತ್ತು. ಕಾಗದದಲ್ಲಿ ತೊಗರಿ ಬರೆಸಿ ಹೊಲದಲ್ಲಿ ಬೇರೆಯದೇ ಇದ್ದರೆ, ಬೆಳೆ ಸಮೀಕ್ಷೆಯಲ್ಲಿ ಅದು ತಾಳೆಯಾಗದಿದ್ದರೆ, ಅರ್ಜಿ ನಿಲ್ಲುವುದಿಲ್ಲ. ಕಂತು ಕಟ್ಟಿದರೆ ಸಾಲದು, ಬರೆಸಿದ್ದನ್ನೇ ಬಿತ್ತಿರಬೇಕು. ಅವನೇ ಕೊಟ್ಟ ಹೋಲಿಕೆಯಲ್ಲಿ ಅವನಿಗೆ ಉತ್ತರವೂ ಇದೆ. ಶುಕ್ರವಾರದ ಜುಮಾ ಕಂತು ಕಟ್ಟಿದ್ದಾಯಿತು. ಹೊಲದಲ್ಲಿ ಏನು ಬೆಳೆದಿದೆ?

ಇಲ್ಲೇ ಈ ವಾದದ ದೊಡ್ಡ ಮೋಸವೂ ಕಾಣುತ್ತದೆ. ‘ಹೋಗೋದೇನೈತಿ’ ಎನ್ನುತ್ತೇವೆ. ಈಮಾನ್ ಎಂದರೆ ಏನೂ ಖರ್ಚಿಲ್ಲದ ಸಂಗತಿಯಾ? ಕೊಪ್ಪಳದ ಬಿಸಿಲಲ್ಲಿ ಉಪವಾಸ ಹಿಡಿದು ಗಾರೆ ಕೆಲಸಕ್ಕೆ ಹೋಗುವವನನ್ನು ಕೇಳಿ. ವರ್ಷಕ್ಕೆ ಶೇ. 2.5 ಝಕಾತನ್ನು ಪ್ರಾಮಾಣಿಕವಾಗಿ ಲೆಕ್ಕ ಹಾಕಿ ಕೊಡುವ ವ್ಯಾಪಾರಿಯನ್ನು ಕೇಳಿ. ‘ಯಾವುದಕ್ಕೂ ಇರಲಿ’ ಎನ್ನುವವರು ಸಾಮಾನ್ಯವಾಗಿ ಅಗ್ಗದ ಕಂತುಗಳನ್ನು ಮಾತ್ರ ಆರಿಸಿಕೊಳ್ಳುತ್ತಾರೆ. ಪೆರ್ನಾಳಿಗೆ ಹೊಸ ಅಂಗಿ ಉಂಟು, ಕುತ್ತಿಗೆಯಲ್ಲಿ ತಾಯಿತ ಉಂಟು, ಅಂಗಡಿಯ ಗೋಡೆಯಲ್ಲಿ ಆಯತುಲ್ ಕುರ್ಸಿ ಉಂಟು. ಬಾಪಾ ಸತ್ತ ಮೇಲೆ ಆಸ್ತಿ ಪಾಲಾಗುವಾಗ ಮಾತ್ರ ತಂಗಿಗೆ ಕುರ್‌ಆನ್ ಕೊಟ್ಟ ಪಾಲು, ಅಂದರೆ ಅಣ್ಣನ ಪಾಲಿನ ಅರ್ಧ, ನೆನಪಾಗುವುದಿಲ್ಲ. ‘ಅವಳಿಗೆ ಮದುವೆ ಮಾಡಿ ಕೊಟ್ಟಾಗಿದೆಯಲ್ಲ’ ಎನ್ನುತ್ತೇವೆ. ವರದಕ್ಷಿಣೆ ಎಣಿಸುವಾಗಲೂ ದೇವರು ನೆನಪಾಗುವುದಿಲ್ಲ. ಏಕೆಂದರೆ ಅಲ್ಲೆಲ್ಲ ನಿಜವಾಗಿಯೂ ಕೈಯಿಂದ ಹೋಗುತ್ತದೆ. ಹೋಗುವ ಕಡೆ ‘ಯಾವುದಕ್ಕೂ ಇರಲಿ’ ನಡೆಯುವುದಿಲ್ಲ, ಅಲ್ಲಿ ನಂಬಿಕೆಯೇ ಬೇಕು. ಈ ಪ್ರಶ್ನೆ ಬರೀ ತತ್ವಶಾಸ್ತ್ರದ್ದಲ್ಲ, ನಮ್ಮ ಮನೆಯ ಹೆಣ್ಣುಮಕ್ಕಳ ಪಾಲಿನದ್ದೂ ಹೌದು ಎಂದು ನಾನು ಹೇಳುವುದು ಅದಕ್ಕೇ.

ಇನ್ನೊಂದು ತೊಂದರೆಯನ್ನೂ ಒಪ್ಪಿಕೊಳ್ಳುವಾ. ಪಾಸ್ಕಲನ ಪಣಕ್ಕೆ ಫ್ರಾನ್ಸಿನವನೇ ಆದ ದೆನಿ ದಿದರೋ (1713–1784) ಕೊಟ್ಟ ಉತ್ತರ ಚಿಕ್ಕದು: ಇದೇ ಮಾತನ್ನು ಒಬ್ಬ ಇಮಾಮನೂ ಹೇಳಬಹುದಲ್ಲ! ಪಾಸ್ಕಲ್ ಕರೆದದ್ದು ಚರ್ಚಿಗೆ, ಅದೇ ಲೆಕ್ಕದಿಂದ ನಾವು ಮಸೀದಿಗೆ ಕರೆಯಬಹುದು, ಇನ್ನೊಬ್ಬರು ಮತ್ತೊಂದು ಕಡೆಗೆ. ದಿದರೋ ಹೇಳಿದ್ದರಲ್ಲಿ ಸತ್ಯವಿದೆ. ಬರೀ ನಷ್ಟದ ಭಯವನ್ನೇ ಹಿಡಿದು ಹೊರಟವನಿಗೆ ಯಾವ ಬಾಗಿಲು ತಟ್ಟಬೇಕು ಎಂದು ಆ ಭಯ ಹೇಳಿಕೊಡುವುದಿಲ್ಲ. ಅವನು ಎಲ್ಲ ಬಾಗಿಲನ್ನೂ ತಟ್ಟುತ್ತಾನೆ, ಯಾವುದರೊಳಗೂ ಹೋಗುವುದಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೂ, ಊರ ಮೊಹರಮ್ಮಿಗೂ ಎಲ್ಲರೂ ಕೂಡಿ ಹೋಗುವ ಈ ಭಾಗದ ನೆರೆಹೊರೆಯ ಪ್ರೀತಿಯ ಬಗ್ಗೆ ನಾನು ಹೇಳುತ್ತಿಲ್ಲ. ಅದು ಪ್ರೀತಿ, ಅದರಲ್ಲಿ ಲೆಕ್ಕವಿಲ್ಲ. ನಾನು ಹೇಳುತ್ತಿರುವುದು ಲೆಕ್ಕ ಹಾಕುವವನ ಬಗ್ಗೆ. ಸತ್ಯ ಯಾವುದು ಎಂದು ಹುಡುಕಬೇಕಾದರೆ ಓದಬೇಕು, ಕೇಳಬೇಕು, ಯೋಚಿಸಬೇಕು. ಆ ಕೆಲಸವನ್ನು ಪಣ ನಮ್ಮ ಬದಲಿಗೆ ಮಾಡಿಕೊಡುವುದಿಲ್ಲ.

ಕನ್ನಡದಲ್ಲೇ ಒಂದು ಉದಾಹರಣೆ ಇದೆ. ನೂರು ವರ್ಷ ದಾಟಿ ಬದುಕಿದ ಎ.ಎನ್. ಮೂರ್ತಿರಾವ್ (1900–2003) ತಮ್ಮ ಇಳಿವಯಸ್ಸಿನಲ್ಲಿ ‘ದೇವರು’ ಎಂಬ ಪುಸ್ತಕ ಬರೆದರು. ಲೋಕದ ಸಂಕಟವನ್ನೆಲ್ಲ ನೋಡಿ, ಸರ್ವಶಕ್ತನೂ ದಯಾಮಯನೂ ಆದ ದೇವರನ್ನು ಒಪ್ಪಲು ಅವರಿಗೆ ಆಗಲಿಲ್ಲ. ಅವರ ತೀರ್ಮಾನ ನನಗೆ ಖಂಡಿತ ಒಪ್ಪಿಗೆಯಿಲ್ಲ. ಆದರೆ ಒಂದು ಮಾತು. ಸಾವಿಗೆ ಅಷ್ಟು ಹತ್ತಿರವಿದ್ದ ವಯಸ್ಸಿನಲ್ಲಿ ‘ಯಾವುದಕ್ಕೂ ಇರಲಿ’ ಎಂದು ಒಂದು ಕೈಮುಗಿದು ಸುಮ್ಮನಾಗುವುದು ಅವರಿಗೆ ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ. ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡರು. ಅಂಥವರೊಡನೆ ಕೂತು ಮಾತಾಡಬಹುದು. ಪ್ರಶ್ನೆಯನ್ನೇ ಕಿಸೆಗೆ ಹಾಕಿಕೊಂಡು ಓಡಾಡುವವನ ಜೊತೆ ಏನು ಮಾತಾಡುವುದು?

ಲೆಕ್ಕದ ನಂಬಿಕೆಯ ಗತಿ ಏನಾಗುತ್ತದೆ ಎಂಬುದನ್ನು ಕುರ್‌ಆನಿನ ಹಜ್ಜ್ ಅಧ್ಯಾಯದ 11ನೇ ಆಯತ್ ಹೇಳಿದೆ. ಅಂಚಿನಲ್ಲಿ ನಿಂತು ಆರಾಧಿಸುವವರಿದ್ದಾರೆ, ಒಳ್ಳೆಯದಾದರೆ ನೆಮ್ಮದಿ, ಪರೀಕ್ಷೆ ಬಂದರೆ ಮುಖ ತಿರುಗಿಸಿ ನಡೆದರು ಎಂಬುದು ಅದರ ಸಾರ. ಇದರ ಹಿನ್ನೆಲೆಯಾಗಿ ಇಬ್ನು ಅಬ್ಬಾಸ್(ರ) ತಿಳಿಸಿದ್ದು ಬುಖಾರಿಯಲ್ಲಿದೆ. ಮದೀನಕ್ಕೆ ಬಂದವನ ಹೆಂಡತಿ ಗಂಡು ಹೆತ್ತು, ಕುದುರೆಗಳು ಮರಿ ಹಾಕಿದರೆ ‘ಇದು ಒಳ್ಳೆಯ ಧರ್ಮ’ ಎನ್ನುತ್ತಿದ್ದನಂತೆ. ಇಲ್ಲದಿದ್ದರೆ ‘ಇದು ಕೆಟ್ಟ ಧರ್ಮ’. ಈ ಮನುಷ್ಯ ಈಗಲೂ ನಮ್ಮ ನಡುವೆ ಇದ್ದಾನೆ. 2023ರಲ್ಲಿ ರಾಜ್ಯದ 223 ತಾಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಅಂಥ ವರ್ಷ ಬಂದಾಗ, ಮಗುವಿಗೆ ಕಾಯಿಲೆ ಬಂದಾಗ, ಇಂಟರ್‌ವ್ಯೂನಲ್ಲಿ ಹೆಸರು ಬಾರದಾಗ, ವಿಮೆ ಎಂದು ಹಿಡಿದ ಈಮಾನ್ ಮೊದಲು ಕೈಬಿಟ್ಟುಹೋಗುತ್ತದೆ. ಪರಿಹಾರ ಬಾರದ ಪಾಲಿಸಿಯನ್ನು ಯಾರು ಮುಂದುವರಿಸುತ್ತಾರೆ, ನೀವೇ ಹೇಳಿ.

ಇದರಲ್ಲಿ ಪಾಠ ಹೇಳುವವರ ಪಾಲೂ ಉಂಟು. ಕೆಲವು ವಅಳ್‌ಗಳನ್ನು ಕೇಳಿದರೆ ವಿಮಾ ಏಜೆಂಟರ ಮಾತಿನ ಹಾಗೆಯೇ ಇರುತ್ತದೆ: ಇದನ್ನು ಓದಿದರೆ ಇಷ್ಟು ಕೂಲಿ, ಬಿಟ್ಟರೆ ಇಂಥ ಶಿಕ್ಷೆ. ಭಯವೂ ದೀನಿನ ಭಾಗವೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆರು ವರ್ಷದ ಮಗುವಿಗೆ ಅಲ್ಲಾಹನ ಪರಿಚಯ ನರಕದ ಬೆಂಕಿಯಿಂದಲೇ ಶುರುವಾದರೆ, ಹದಿನೆಂಟಕ್ಕೆ ಆ ಮಗು ಲೆಕ್ಕ ಹಾಕದೆ ಇನ್ನೇನು ಮಾಡೀತು? ಬಿಸ್ಮಿಯಲ್ಲೇ ‘ರಹ್ಮಾನ್, ರಹೀಮ್’ ಎಂಬ ಎರಡು ಹೆಸರುಗಳಿವೆ. ಕಲಿಸುವುದನ್ನು ಅಲ್ಲಿಂದ ಶುರು ಮಾಡಬಹುದು. ಉಮ್ಮಂದಿರೂ ‘ನಮಾಝ್ ಬಿಟ್ಟರೆ ಪರೀಕ್ಷೆಯಲ್ಲಿ ಫೇಲ್ ಆಗ್ತೀಯಾ’ ಎಂದು ಹೆದರಿಸುವುದನ್ನು ಬಿಡಬೇಕು. ನಮಾಝ್ ಮಾಡಿಯೂ ಫೇಲ್ ಆದ ದಿನ ಮಗನಿಗೆ ಏನು ಹೇಳುವಿರಿ?

ಕೊನೆಯದಾಗಿ, ‘ಯಾವುದಕ್ಕೂ ಇರಲಿ’ ಎಂದು ಬರುವ ಆ ತಮ್ಮಂದಿರಿಗೆ. ಲೆಕ್ಕ ತಪ್ಪೆಂದು ಗೊತ್ತಾಯಿತಲ್ಲ, ಇನ್ನು ಮಸೀದಿಗೆ ಬರಬೇಡಿ ಎಂದು ನಾನು ಹೇಳುವುದಿಲ್ಲ. ಯಾರಾದರೂ ಹಾಗೆ ಹೇಳಿದರೆ ಕೇಳಬೇಡಿ. ಹುಜುರಾತ್ ಅಧ್ಯಾಯದ 14ನೇ ಆಯತ್ ನೋಡಿ. ಮರುಭೂಮಿಯ ಬದವಿಗಳು ‘ನಾವು ವಿಶ್ವಾಸವಿಟ್ಟೆವು’ ಎಂದಾಗ, ಅವರದು ಶರಣಾಗತಿ ಮಾತ್ರ, ಈಮಾನ್ ಹೃದಯಕ್ಕೆ ಇಳಿದಿಲ್ಲ ಎಂದು ಅವರಿಗೆ ತಿಳಿಸಲಾಯಿತು. ಆದರೆ ಅಲ್ಲಿರುವ ‘ಲಮ್ಮಾ’ ಎಂಬ ಅರಬಿ ಪದಕ್ಕೆ ಬರೀ ‘ಇಲ್ಲ’ ಎಂದು ಅರ್ಥವಲ್ಲ, ‘ಇನ್ನೂ ಇಲ್ಲ’ ಎಂದು ಅರ್ಥ. ಅವರನ್ನು ಹೊರಗೆ ಹಾಕಲಿಲ್ಲ. ಅನುಸರಿಸಿ ನಡೆದರೆ ಅವರ ಕರ್ಮಗಳಲ್ಲಿ ಏನೂ ಕಡಿಮೆಯಾಗದು ಎಂಬ ಭರವಸೆಯೂ ಅದೇ ಆಯತ್‌ನಲ್ಲಿದೆ.

ಆದ್ದರಿಂದ ಬನ್ನಿ. ಸಂಶಯವಿದ್ದರೆ ಅದನ್ನೂ ಜೊತೆಗೇ ತನ್ನಿ, ಉಸ್ತಾದರನ್ನು ಕೇಳಿ, ಒಬ್ಬರಿಗೆ ಉತ್ತರ ಬಾರದಿದ್ದರೆ ಇನ್ನೊಬ್ಬರನ್ನು ಕೇಳಿ. ಸುಜೂದಿನಲ್ಲಿರುವಾಗ ಲಾಭ-ನಷ್ಟ ಬಿಟ್ಟು ನಿಮ್ಮ ಭಾಷೆಯಲ್ಲೇ ಒಂದು ಮಾತು ಕೇಳಿ: ‘ನೀನು ಇದ್ದೀಯಾದರೆ ನನಗೆ ದಾರಿ ತೋರಿಸು.’ ಇದು ಪಣವಲ್ಲ, ದುಆ. ತಂಗಿಯ ಪಾಲು ಬಾಕಿ ಇದ್ದರೆ ಅದನ್ನು ಕೊಟ್ಟು ಬಿಡಿ. ಹೃದಯದ ಬಾಗಿಲು ಯಾವ ಕಡೆಯಿಂದ ತೆರೆಯುತ್ತದೆ ಎಂದು ಹೇಳಲಾಗದು.

ಹೊಸ್ತಿಲಲ್ಲಿ ನಿಂತಿರುವ ನಮ್ಮ ಮಕ್ಕಳನ್ನು ಅಲ್ಲಾಹನು ಒಳಗೆ ಸೇರಿಸಿಕೊಳ್ಳಲಿ. ಒಳಗಿದ್ದೇವೆಂದು ತಿಳಿದುಕೊಂಡ ನಮ್ಮನ್ನೂ ಕಾಪಾಡಲಿ. ಆಮೀನ್.